ಮೋರ್‌ಬಾತ್‌ನ ಕುರಿ ಲೆಕ್ಕ: ಇಂಗ್ಲಿಷ್ ಪ್ಯಾರಿಷ್ ಬಗ್ಗೆ ಓದುತ್ತಿರುವವರಿಗೆ ಒಂದಿಷ್ಟು ಟಿಪ್ಪಣಿ

ಮೋರ್‌ಬಾತ್ ಅನ್ನುವ ಇಂಗ್ಲಿಷ್ ಹಳ್ಳಿಗೆ ಹೋಗುವ ಮೊದಲು ಪ್ಯಾರಿಷ್ ಅಂದ್ರೆ ಏನು ಅಂತ ನೋಡೋಣ. ಅದು ಚರ್ಚ್ ಕಟ್ಟಡಕ್ಕೇ ಇನ್ನೊಂದು ಹೆಸರು ಅಂತ ನಾನು ಎಷ್ಟೋ ದಿನ ಅಂದುಕೊಂಡಿದ್ದೆ. ಒಂದು ಟೆಸ್ಟಿನಲ್ಲಿ ಹಾಗೇ ಬರೆದು ಅಂಕ ಕಳೆದುಕೊಂಡದ್ದೂ ಆಯಿತು. ಪ್ಯಾರಿಷ್ ಅಂದ್ರೆ ನೆಲ. ಈ ಹಳ್ಳದಿಂದ ಆ ದಿಬ್ಬದವರೆಗೆ, ಆ ಓಕ್ ಮರದಿಂದ ಈ ಬೇಲಿಯವರೆಗೆ ಅಂತ ಗಡಿ ಇರುವ ನೆಲ. ಗಡಿಯೊಳಗೆ ಹುಟ್ಟಿದ ಮಗುವಿಗೆ ಅದೇ ಚರ್ಚಿನಲ್ಲಿ ಜ್ಞಾನಸ್ನಾನ, ಸತ್ತರೆ ಅದೇ ಚರ್ಚಿನ ಅಂಗಳದಲ್ಲಿ ಮಣ್ಣು, ನಡುವೆ ಬದುಕಿದಷ್ಟು ವರ್ಷ ಬೆಳೆದದ್ದರಲ್ಲಿ ಹತ್ತನೇ ಒಂದು ಪಾಲು ಅಲ್ಲಿಗೇ ಕೊಡಬೇಕು. ಈ ಹತ್ತನೇ ಪಾಲೇ ಟೈದ್. ನಿನಗೆ ಭಕ್ತಿ ಇದೆಯಾ ಇಲ್ಲವಾ ಅಂತ ಯಾರೂ ಕೇಳುತ್ತಿರಲಿಲ್ಲ, ಗಡಿಯೊಳಗೆ ಮನೆ ಇದ್ದರೆ ಸಾಕು.

ಹಾಗಾಗಿ ಗಡಿ ಮರೆತುಹೋಗಬಾರದು. ಈಸ್ಟರ್ ಆಗಿ ಸುಮಾರು ಐದು ವಾರಕ್ಕೆ ಬರುವ ರೊಗೇಷನ್ ದಿನಗಳಲ್ಲಿ ಊರಿನವರು ಪಾದ್ರಿಯ ಜೊತೆ ಗಡಿಗುಂಟ ನಡೆಯುತ್ತಿದ್ದರು. ಎಷ್ಟೋ ಕಡೆ ಹುಡುಗರನ್ನು ಹಿಡಿದು ಗಡಿಕಲ್ಲಿಗೆ ಕುಕ್ಕುವ ಪದ್ಧತಿಯೂ ಇತ್ತು. ನಾಳೆ ಜಗಳ ಬಂದಾಗ ‘ಕಲ್ಲು ಇಲ್ಲೇ ಇತ್ತು, ನನಗೆ ಚೆನ್ನಾಗಿ ನೆನಪಿದೆ’ ಅಂತ ಸಾಕ್ಷಿ ಹೇಳಲಿ ಅಂತ. ನಮ್ಮ ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರು ‘ಫಿರ್ಗಜ್’ ಅನ್ನುತ್ತಾರಲ್ಲ, ಪ್ಯಾರಿಷ್‌ಗೆ ಅವರ ಪದ ಅದು, ಪೋರ್ಚುಗೀಸಿನಿಂದ ಬಂದದ್ದು. ಆ ಪದ ಕೇಳಿ ಬೆಳೆದವರು ಇಲ್ಲಿವರೆಗಿನದನ್ನು ಹಾರಿಸಿ ಓದಿದರೂ ನಡೆಯುತ್ತದೆ.

ಇನ್ನೊಂದು ಗೊಂದಲ ಮೊದಲೇ ಮುಗಿಸಿಬಿಡೋಣ. ರೆಕ್ಟರ್ ಮತ್ತು ವಿಕರ್. ಇಬ್ಬರೂ ಪಾದ್ರಿಗಳೇ ಆಗಿರಬಹುದು, ವ್ಯತ್ಯಾಸ ಇರುವುದು ಟೈದ್ ಯಾರ ಕೈಗೆ ಹೋಗುತ್ತದೆ ಅನ್ನುವುದರಲ್ಲಿ. ಪೂರ್ತಿ ಟೈದ್ ಪಡೆಯುವವನು ರೆಕ್ಟರ್. ಎಷ್ಟೋ ಊರುಗಳಲ್ಲಿ ರೆಕ್ಟರ್ ಜಾಗದಲ್ಲಿ ಒಂದು ಮಠವೇ ಕೂತಿರುತ್ತಿತ್ತು. ಆಗ ದವಸದ ಟೈದ್ ಮಠಕ್ಕೆ. ಊರಿನಲ್ಲಿ ಪೂಜೆ ನಡೆಸುವ ವಿಕರ್‌ಗೆ ಸಾಮಾನ್ಯವಾಗಿ ಉಣ್ಣೆ, ಕುರಿಮರಿ ಇಂಥ ಚಿಲ್ಲರೆ ಟೈದ್. ಕಟ್ಟಡದ ಖರ್ಚಿನಲ್ಲೂ ಹೀಗೇ ಪಾಲು. ಪೂಜಾಪೀಠ ಇರುವ ಭಾಗ, ಅಂದ್ರೆ ಚಾನ್ಸೆಲ್, ಅದರ ರಿಪೇರಿ ರೆಕ್ಟರ್ ತಲೆ ಮೇಲೆ. ಜನ ನಿಲ್ಲುವ ಭಾಗ, ಅಂದ್ರೆ ನೇವ್, ಅದು ಊರಿನವರ ತಲೆ ಮೇಲೆ. ಒಂದೇ ಮಾಡು, ಇಬ್ಬರು ಯಜಮಾನರು. ಹಳೇ ಇಂಗ್ಲಿಷ್ ಚರ್ಚ್‌ಗಳ ಚಿತ್ರ ನೋಡುವಾಗ ಒಂದು ಅರ್ಧ ಭರ್ಜರಿಯಾಗಿ, ಇನ್ನೊಂದು ಅರ್ಧ ಬಡಕಲಾಗಿ ಕಂಡರೆ ಯಾರು ಹಣ ಬಿಚ್ಚಿದರು, ಯಾರು ಕೈ ಬಿಗಿ ಹಿಡಿದರು ಅಂತ ಊಹಿಸಬಹುದು.

ಈಗ ಊರಿಗೆ ಹೋಗೋಣ. ಇಂಗ್ಲೆಂಡಿನ ನೈಋತ್ಯದಲ್ಲಿ ಡೆವನ್ ಕೌಂಟಿ, ಅದರ ಉತ್ತರಕ್ಕೆ ಎಕ್ಸ್‌ಮೂರ್ ಅನ್ನುವ ಬೋಳು ಗುಡ್ಡಗಾಡು, ಅದರ ಅಂಚಿನಲ್ಲಿ ಮೋರ್‌ಬಾತ್. 16ನೇ ಶತಮಾನದಲ್ಲಿ ಅಲ್ಲಿ ಇದ್ದದ್ದು ಸುಮಾರು 33 ಕುಟುಂಬ. ರಾಜ ಬಂದು ಹೋದ ಊರಲ್ಲ, ದೊಡ್ಡ ಸಂತೆಯೂ ಇರಲಿಲ್ಲ. ಆದರೂ ಚರಿತ್ರೆ ಓದುವವರು ಈ ಊರಿನ ಹೆಸರು ಮತ್ತೆ ಮತ್ತೆ ಯಾಕೆ ಎತ್ತುತ್ತಾರೆ ಅಂದ್ರೆ ಇಲ್ಲಿನ ಲೆಕ್ಕದ ಪುಸ್ತಕ ಉಳಿದುಕೊಂಡಿದೆ, ಅದನ್ನು ಬರೆದದ್ದು 1520ರಿಂದ 1574ರವರೆಗೆ ವಿಕರ್ ಆಗಿದ್ದ ಒಬ್ಬನೇ ಮನುಷ್ಯ, ಸರ್ ಕ್ರಿಸ್ಟೋಫರ್ ಟ್ರಿಕಿ. (ಸ್ಪೆಲ್ಲಿಂಗ್ ನೋಡಿ ನಾನು ಟ್ರೈಚೇ ಅಂತ ಓದಿಕೊಂಡಿದ್ದೆ. ಟ್ರಿಕಿ ಅನ್ನಬೇಕು.) ‘ಸರ್’ ನೋಡಿ ಇವನು ನೈಟ್ ಅಂತ ಬರೆದುಬಿಡಬೇಡಿ. ಆ ಕಾಲದಲ್ಲಿ ಪದವಿ ಇಲ್ಲದ ಸಾಮಾನ್ಯ ಪಾದ್ರಿಗೂ ಮರ್ಯಾದೆಗೆ ಸರ್ ಅನ್ನುತ್ತಿದ್ದರು, ನಾವು ಮೇಷ್ಟ್ರಿಗೆ ಅನ್ನುವ ಹಾಗೆ.

ಲೆಕ್ಕದ ಪುಸ್ತಕ ಅಂದ ಕೂಡಲೇ ಬರೀ ಜಮಾ ಖರ್ಚು ಅಂದುಕೊಳ್ಳಬೇಡಿ. ವರ್ಷಕ್ಕೊಮ್ಮೆ ಊರಿನವರನ್ನು ಕೂರಿಸಿ ಟ್ರಿಕಿ ಅದನ್ನು ಗಟ್ಟಿಯಾಗಿ ಓದುತ್ತಿದ್ದ. ಹಾಗಾಗಿ ಬರಹವೆಲ್ಲ ಮಾತಾಡಿದ ಹಾಗೇ ಇದೆ. ಕೊಟ್ಟವರ ಹೆಸರು ಹೇಳಿ ಹೊಗಳುತ್ತಾನೆ, ಕೊಡದವರ ಹೆಸರೂ ಬರುತ್ತದೆ. ಊರೆಲ್ಲ ಕೇಳುತ್ತಿರುವಾಗ ಬಾಕಿದಾರನ ಹೆಸರು ಓದಿದರೆ ಹೇಗಿರುತ್ತದೆ ಅಂತ ನಮ್ಮ ಸಂಘಗಳ ವಾರ್ಷಿಕ ಸಭೆಯಲ್ಲಿ ಕೂತವರಿಗೆ ಹೇಳಬೇಕಾಗಿಲ್ಲ.

ಲೆಕ್ಕ ಒಪ್ಪಿಸಬೇಕಾದವರು ವಾರ್ಡನ್‌ಗಳು. ನಮಗೆ ವಾರ್ಡನ್ ಅಂದ್ರೆ ಹಾಸ್ಟೆಲ್ ನೆನಪಾಗುತ್ತದೆ. ಇವರು ಬೇರೆ. ಚರ್ಚಿನ ಹಣ, ಬಟ್ಟೆ, ಪಾತ್ರೆ, ಕುರಿ ಎಲ್ಲವನ್ನೂ ಒಂದು ವರ್ಷ ನೋಡಿಕೊಳ್ಳುವ ಊರಿನ ರೈತರು. ಸರದಿ ಮನೆಯಿಂದ ಮನೆಗೆ ತಿರುಗುತ್ತಿತ್ತು. ಮನೆಯ ಯಜಮಾನಿ ವಿಧವೆಯಾಗಿದ್ದರೆ ಅವಳೇ ವಾರ್ಡನ್. ಇದನ್ನು ಅಡಿಗೆರೆ ಹಾಕಿಕೊಳ್ಳಿ, ಮಹಿಳೆಯರ ಸ್ಥಾನಮಾನದ ಬಗ್ಗೆ ಪ್ರಶ್ನೆ ಬಂದಾಗ ಉಪಯೋಗಕ್ಕೆ ಬರುತ್ತದೆ.

ಹೌದು, ಕುರಿ. ಇದೇ ಈ ಪುಸ್ತಕದ ಜೀವ. ಚರ್ಚಿನಲ್ಲಿ ಒಂದೊಂದು ಸಂತರ ವಿಗ್ರಹದ ಮುಂದೆ ದೀಪ ಉರಿಯುತ್ತಿತ್ತು, ಮೇಣದ ದೀಪ. ಮೇಣ ದುಬಾರಿ. ಅದಕ್ಕೆ ಒಂದೊಂದು ನಿಧಿ, ಅದನ್ನು ಸ್ಟೋರ್ ಅನ್ನುತ್ತಿದ್ದರು. ಮೇರಿ ಮಾತೆಗೆ ಒಂದು ಸ್ಟೋರ್, ಸಂತ ಸಿಡ್ವೆಲ್‌ಗೆ ಒಂದು, ಊರಿನ ಗಂಡು ಹುಡುಗರದ್ದೇ ಒಂದು, ಮದುವೆಯಾಗದ ಹುಡುಗಿಯರದ್ದೇ ಇನ್ನೊಂದು. ಇವುಗಳಲ್ಲಿ ಕೆಲವಕ್ಕೆ ಸ್ವಂತ ಕುರಿಗಳಿದ್ದವು. ಚರ್ಚಿಗೆ ಹುಲ್ಲುಗಾವಲು ಎಲ್ಲಿಂದ ಬರಬೇಕು? ಅದಕ್ಕೆ ಆ ಕುರಿಗಳನ್ನು ಊರಿನವರ ಮಂದೆಗಳಲ್ಲಿ ಒಂದು, ಎರಡು ಅಂತ ಹಂಚಿಬಿಡುತ್ತಿದ್ದರು. ನಿಮ್ಮ ಮಂದೆಯ ಜೊತೆ ಮೇರಿ ಮಾತೆಯ ಒಂದು ಕುರಿಯೂ ಮೇಯುತ್ತಿರುತ್ತದೆ, ಮೇವು ನಿಮ್ಮದು, ಉಣ್ಣೆ ಅವಳದು. ವರ್ಷದ ಕೊನೆಗೆ ಯಾರ ಹತ್ತಿರ ಎಷ್ಟು ಕುರಿ, ಎಷ್ಟು ಮರಿ ಹಾಕಿತು, ಯಾವುದು ಸತ್ತಿತು, ಸತ್ತದ್ದರ ಚರ್ಮ ಎಷ್ಟಕ್ಕೆ ಹೋಯಿತು ಅಂತ ಒಂದೊಂದೇ ಓದಬೇಕು. ಬಡವನಿಗೂ ಒಂದು ಕುರಿ ಸಾಕುವಷ್ಟು ಶಕ್ತಿ ಇದ್ದೇ ಇರುತ್ತದೆ ಅಲ್ವಾ? ದೇವರ ಖರ್ಚಿನಲ್ಲಿ ಅವನದ್ದೂ ಒಂದು ಪಾಲು, ಅವನ ಹೆಸರೂ ಓದಲ್ಪಡುತ್ತದೆ.

ಇನ್ನೊಂದು ದೊಡ್ಡ ಆದಾಯ ಬಿಯರ್. ತಮಾಷೆ ಅಲ್ಲ. ಚರ್ಚ್ ಏಲ್ ಅಂತ ಕರೆಯುತ್ತಿದ್ದರು. ಚರ್ಚಿನ ಪಕ್ಕದಲ್ಲೇ ಚರ್ಚ್ ಹೌಸ್ ಅಂತ ಒಂದು ಮನೆ, ಅಲ್ಲಿ ಏಲ್ ಕಾಯಿಸಿ, ಅಡುಗೆ ಮಾಡಿ, ಊರಿನವರಿಗೂ ಪಕ್ಕದೂರಿನವರಿಗೂ ಮಾರುವುದು. ವಾರ್ಡನ್‌ಗಳದ್ದೊಂದು ಏಲ್, ಗಂಡು ಹುಡುಗರದ್ದೊಂದು. ಪಕ್ಕದೂರಿನವರು ನಿಮ್ಮ ಏಲ್‌ಗೆ ಬಂದರೆ ನೀವು ಅವರ ಏಲ್‌ಗೆ ಹೋಗಲೇಬೇಕು, ಮುಯ್ಯಿ ಇದ್ದ ಹಾಗೆ. ಮುಂದೆ ಪ್ಯೂರಿಟನ್ನರು, ಅಂದ್ರೆ ಕಟ್ಟುನಿಟ್ಟಿನ ಪ್ರೊಟೆಸ್ಟೆಂಟರು, ಇದನ್ನು ನೋಡಿ ಮೂಗು ಮುರಿದರು. ನನಗಂತೂ ಇದು ಕಡ್ಡಾಯದ ತೆರಿಗೆಗಿಂತ ಎಷ್ಟೋ ವಾಸಿ ಅನ್ನಿಸುತ್ತದೆ.

ಸಿಡ್ವೆಲ್ ಬಗ್ಗೆ ಎರಡು ಮಾತು. ಇವಳು ಹತ್ತಿರದ ಎಕ್ಸೆಟರ್ ನಗರದವಳು. ಜಮೀನಿನ ಆಸೆಗೆ ಮಲತಾಯಿ ಕೊಯ್ಲಿನವರ ಕೈಯಲ್ಲಿ ಇವಳ ತಲೆ ಕಡಿಸಿದಳು, ರಕ್ತ ಬಿದ್ದಲ್ಲಿ ನೀರು ಉಕ್ಕಿತು ಅಂತ ಕಥೆ. ಟ್ರಿಕಿ ಬಂದ ಹೊಸದರಲ್ಲೇ ಇವಳ ವಿಗ್ರಹ ತರಿಸಿದ. ಜನ ಉಂಗುರ, ಮಣಿ ಅಂತ ಕೊಟ್ಟರು, ಅವಳಿಗೆ ಬೆಳ್ಳಿಯ ಪಾದರಕ್ಷೆಯಾಯಿತು. 1534ರಲ್ಲಿ ಒಬ್ಬ ಕಳ್ಳ ಏಣಿ ಹಾಕಿ ಚರ್ಚಿನೊಳಗೆ ಇಳಿದು ಆ ಬೆಳ್ಳಿ ಪಾದರಕ್ಷೆಯನ್ನೂ ಪೂಜೆಯ ಬಟ್ಟಲನ್ನೂ ಎತ್ತಿಕೊಂಡು ಹೋದ. ಬಟ್ಟಲು ಇಲ್ಲದೆ ಮಾಸ್, ಅಂದ್ರೆ ರೊಟ್ಟಿ, ದ್ರಾಕ್ಷಾರಸ ಇಟ್ಟು ಮಾಡುವ ಕ್ಯಾಥೊಲಿಕ್ ಪೂಜೆ, ಇಲ್ಲ. ಆಗ ಊರಿನ ಹುಡುಗ ಹುಡುಗಿಯರು ತಾವೇ ಹಣ ಒಟ್ಟುಮಾಡಿ ಹೊಸ ಬಟ್ಟಲು ತಂದರು, ಪ್ಯಾರಿಷ್‌ಗೆ ಒಂದು ಕಾಸೂ ಖರ್ಚಾಗಲಿಲ್ಲ. ಅದನ್ನು ಟ್ರಿಕಿ ಬರೆದ ರೀತಿಯಲ್ಲಿ ಅವನಿಗೆ ಎಷ್ಟು ಹೆಮ್ಮೆಯಾಗಿತ್ತು ಅಂತ ಗೊತ್ತಾಗುತ್ತದೆ.

ಅವನಿಗೆ ಇನ್ನೊಂದು ಆಸೆ ಇತ್ತು. ಸತ್ತವರಿಗಾಗಿ ಮಾಸ್ ಹೇಳುವಾಗ ಹಾಕಿಕೊಳ್ಳಲು ಒಂದು ಜೊತೆ ಒಳ್ಳೆಯ ಕಪ್ಪು ಪೂಜಾವಸ್ತ್ರ. ಬಡ ಊರು, ಒಮ್ಮೆಗೇ ಆಗುವ ಮಾತಲ್ಲ. ಚರ್ಚಿನ ಕುರಿಗಳ ಉಣ್ಣೆಯಲ್ಲಿ ತನಗೆ ಬರಬೇಕಾದ ಟೈದ್ ಬಿಟ್ಟುಕೊಟ್ಟು, ಚೂರು ಚೂರು ಕೂಡಿಸಿ, ಸುಮಾರು 20 ವರ್ಷ ಕಾದ. 1547ರಲ್ಲಿ ವಸ್ತ್ರ ಬಂತು. ಅದೇ ವರ್ಷ ಜನವರಿಯಲ್ಲಿ ಎಂಟನೇ ಹೆನ್ರಿ ಸತ್ತಿದ್ದ. ಒಂಬತ್ತು ವರ್ಷದ ಆರನೇ ಎಡ್ವರ್ಡ್ ಹೆಸರಿನಲ್ಲಿ ಆಳುತ್ತಿದ್ದವರು ಸತ್ತವರಿಗಾಗಿ ಮಾಸ್ ಹೇಳುವುದೇ ಮೂಢನಂಬಿಕೆ ಅಂದರು. ಈ ಭಾಗ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಇಲ್ಲಿ ಸಿಲಬಸ್ಸಿನ ರಿಫರ್ಮೇಷನ್ ಭಾಗ ಬರುತ್ತದೆ, ಅಂದ್ರೆ ಇಂಗ್ಲೆಂಡ್ ಕ್ಯಾಥೊಲಿಕ್ ಪದ್ಧತಿ ಬಿಟ್ಟು ಪ್ರೊಟೆಸ್ಟೆಂಟ್ ಆದ ಕಥೆ. ನಾವೆಲ್ಲ ಹೆನ್ರಿಯ ವಿಚ್ಛೇದನ, ಪೋಪ್ ಜೊತೆ ಜಗಳ, ಚರ್ಚಿಗೆ ರಾಜನೇ ಮುಖ್ಯಸ್ಥ ಅಂದ 1534ರ ಸುಪ್ರಿಮೆಸಿ ಕಾಯ್ದೆ ಅಂತ ಶುರು ಮಾಡುತ್ತೇವೆ. ಮೋರ್‌ಬಾತ್‌ನಲ್ಲಿ ನಿಂತು ನೋಡಿದರೆ ಅದು ಬೇರೆ ಥರ ಕಾಣುತ್ತದೆ. 1536ರ ಕಾಯ್ದೆಯಿಂದ ಸಣ್ಣ ಮಠಗಳು ಮುಚ್ಚಿದವು, ಅದರಲ್ಲಿ ಈ ಊರಿನ ಒಡೆತನವಿದ್ದ ಬಾರ್ಲಿಂಚ್ ಮಠವೂ ಹೋಯಿತು. 1538ರಲ್ಲಿ ವಿಗ್ರಹಗಳ ಮುಂದಿನ ದೀಪ ಆರಿಸಿ ಅಂತ ಆಜ್ಞೆ. ದೀಪವೇ ಇಲ್ಲ ಅಂದ ಮೇಲೆ ಸ್ಟೋರ್ ಯಾಕೆ? ಎಡ್ವರ್ಡ್ ಕಾಲದಲ್ಲಿ ವಿಗ್ರಹಗಳೇ ಹೋದವು. ಸ್ಟೋರ್‌ಗಳು ಮುಚ್ಚಿದವು, ಕುರಿ ಮಾರಿದರು, ಏಲ್ ನಿಂತಿತು. ಹುಡುಗಿಯರ ಸ್ಟೋರ್ ಇಲ್ಲ, ಹುಡುಗರ ಸ್ಟೋರ್ ಇಲ್ಲ, ಅಂದ್ರೆ ಆ ವಯಸ್ಸಿನವರಿಗೆ ಊರಿನ ಕೆಲಸದಲ್ಲಿ ಇದ್ದ ಜಾಗವೂ ಇಲ್ಲ. ಜನ ಏನು ನಂಬುತ್ತಿದ್ದರು ಅನ್ನುವುದಕ್ಕಿಂತ ಜಾಸ್ತಿ, ಜನ ಒಟ್ಟಿಗೆ ಸೇರಿ ಕೆಲಸ ಮಾಡುವ ದಾರಿಗಳು ಮುರಿದವು. ನನ್ನ ಮಟ್ಟಿಗೆ ಈ ಟಿಪ್ಪಣಿಯಲ್ಲಿ ಹೇಳಬೇಕಿದ್ದದ್ದು ಇದೇ.

1549ರ ಜೂನ್ 9, ವಿಟ್‌ಸಂಡೇ, ಅಂದ್ರೆ ಈಸ್ಟರ್ ಆಗಿ ಏಳನೇ ವಾರದ ಪೆಂಟೆಕೋಸ್ಟ್ ಹಬ್ಬದ ಭಾನುವಾರ. ದೇಶದ ಎಲ್ಲ ಚರ್ಚ್‌ಗಳಲ್ಲೂ ಲ್ಯಾಟಿನ್ ಬಿಟ್ಟು ಹೊಸ ಇಂಗ್ಲಿಷ್ ಪ್ರಾರ್ಥನಾ ಪುಸ್ತಕ. ಮರುದಿನವೇ ಡೆವನ್‌ನ ಸ್ಯಾಂಪ್‌ಫರ್ಡ್ ಕೋರ್ಟ್‌ನಿ ಅನ್ನುವ ಹಳ್ಳಿಯಲ್ಲಿ ಜನ ಪಾದ್ರಿಯನ್ನು ಒತ್ತಾಯ ಮಾಡಿ ಹಳೇ ಮಾಸ್ ಹೇಳಿಸಿದರು. ಕಾರ್ನ್‌ವಾಲ್‌ನವರೂ ಎದ್ದರು, ಎಕ್ಸೆಟರ್‌ಗೆ ಮುತ್ತಿಗೆ ಬಿತ್ತು. ನಮ್ಮಲ್ಲಿ ಕೆಲವರಿಗೆ ಇಂಗ್ಲಿಷೇ ಬರುವುದಿಲ್ಲ ಅಂತ ಕಾರ್ನ್‌ವಾಲ್‌ನವರು ತಕರಾರು ಹಾಕಿದ್ದರು, ಅವರದ್ದು ಕಾರ್ನಿಷ್ ಭಾಷೆ. ಹಾಗಾದರೆ ಲ್ಯಾಟಿನ್ ಎಷ್ಟು ಜನಕ್ಕೆ ಬರುತ್ತದೆ ಅಂತ ಆರ್ಚ್‌ಬಿಷಪ್ ಕ್ರ್ಯಾನ್ಮರ್ ತಿರುಗಿ ಕೇಳಿದ. ಮಾತು ಜಾಣತನದ್ದೇ, ಆದರೆ ಅರ್ಥವಾಗದಿದ್ದರೂ ನೂರಾರು ವರ್ಷ ಕಿವಿಗೆ ಬಿದ್ದು ತಮ್ಮದೇ ಆಗಿಬಿಟ್ಟ ಮಂತ್ರದ ವಿಷಯ ಅವನಿಗೆ ಹೊಳೆದಂತಿಲ್ಲ.

ಮೋರ್‌ಬಾತ್‌ನಿಂದ ಈ ಬಂಡಾಯಕ್ಕೆ ಐದು ಜನ ಹೋದರು. ಕದ್ದು ಹೋದದ್ದಲ್ಲ, ಪ್ಯಾರಿಷ್ ಹಣ ಕೊಟ್ಟು ಕಳಿಸಿತ್ತು, ಟ್ರಿಕಿ ಅದನ್ನು ಲೆಕ್ಕದಲ್ಲೇ ಬರೆದಿಟ್ಟ. ಸೇಂಟ್ ಡೇವಿಡ್ಸ್ ಡೌನ್‌ಗೆ ಹೋದವರಿಗೆ ಅಂತ. ಅದು ಎಕ್ಸೆಟರ್ ಹೊರಗೆ ಬಂಡಾಯಗಾರರು ಬೀಡು ಬಿಟ್ಟಿದ್ದ ಜಾಗ. ಹಳೆಯ ಮುದ್ರಣದಲ್ಲಿ ಈ ಹೆಸರನ್ನು ತಪ್ಪಾಗಿ ಓದಿದ್ದರಿಂದ ಬಹುಕಾಲ ಯಾರಿಗೂ ಇದು ಬಂಡಾಯದ ಸಾಲು ಅಂತಲೇ ಗೊತ್ತಾಗಿರಲಿಲ್ಲ, ಇತಿಹಾಸಕಾರ ಈಮನ್ ಡಫಿ ಸರಿಯಾಗಿ ಓದಿದ ಮೇಲೆ ಚಿತ್ರವೇ ಬದಲಾಯಿತು. ಹಸ್ತಪ್ರತಿ ಓದುವ ಪೇಪರ್ ಬೋರು ಅನ್ನುವವರು ಇದನ್ನು ನೆನಪಿಟ್ಟುಕೊಳ್ಳಿ. ಆಗಸ್ಟ್ ಹೊತ್ತಿಗೆ ರಾಜನ ಸೈನ್ಯ ಬಂಡಾಯವನ್ನು ಹೊಸಕಿ ಹಾಕಿತು, ಸಾವಿರಾರು ಜನ ಸತ್ತರು.

1553ರಲ್ಲಿ ಕ್ಯಾಥೊಲಿಕ್ ಪದ್ಧತಿಯನ್ನು ವಾಪಸ್ ತಂದ ಮೇರಿ ರಾಣಿ ಬಂದಳು. ಮನೆಗಳಲ್ಲಿ ಜೋಪಾನವಾಗಿ ಉಳಿದಿದ್ದ ಚರ್ಚಿನ ಸಾಮಾನುಗಳು ಒಂದೊಂದಾಗಿ ವಾಪಸ್ ಬಂದವು. 1558ರಲ್ಲಿ ಪ್ರೊಟೆಸ್ಟೆಂಟ್ ರಾಣಿ ಎಲಿಜಬೆತ್ ಬಂದಳು, ಮತ್ತೆ ಪೂಜಾಪೀಠ ಹೋಗಿ ಮೇಜು ಬಂತು. ಟ್ರಿಕಿ ಕದಲಲಿಲ್ಲ. ನಾಲ್ಕು ಆಳ್ವಿಕೆ ಕಂಡು, ಪ್ರೊಟೆಸ್ಟೆಂಟ್ ಪಾದ್ರಿಯಾಗಿಯೇ 1574ರಲ್ಲಿ ತೀರಿಕೊಂಡ.

ಮುಂದಿನದ್ದು ಬೇಗ ಹೇಳಿಬಿಡುತ್ತೇನೆ, ಎಲ್ಲ ಗೈಡ್‌ಗಳಲ್ಲೂ ಇದೆ. ಕುರಿ ಮತ್ತು ಏಲ್ ಹೋದ ಜಾಗಕ್ಕೆ ವಂತಿಗೆ ಬಂತು. ಪ್ಯಾರಿಷ್ ನಿಧಾನವಾಗಿ ಸರ್ಕಾರಿ ಕಚೇರಿ ಥರ ಆಯಿತು. ಹುಟ್ಟು, ಮದುವೆ, ಸಾವಿನ ರಿಜಿಸ್ಟರ್ 1538ರಿಂದಲೇ ಇತ್ತು. 1601ರ ಬಡವರ ಕಾಯ್ದೆಯಿಂದ ಊರಿನ ಬಡವರನ್ನು ಸಾಕುವ ಭಾರವೂ ಪ್ಯಾರಿಷ್ ಮೇಲೆ ಬಂತು. 1662ರ ಸೆಟಲ್‌ಮೆಂಟ್ ಕಾಯ್ದೆ ಬಂದ ಮೇಲಂತೂ ಬೇರೆ ಊರಿನ ಬಡವನನ್ನು ಅವನ ಪ್ಯಾರಿಷ್‌ಗೆ ವಾಪಸ್ ಅಟ್ಟುವುದೇ ಒಂದು ಕೆಲಸವಾಯಿತು. ಪ್ಯಾರಿಷ್ ಸಭೆ ಸೇರುತ್ತಿದ್ದದ್ದು ಪೂಜಾವಸ್ತ್ರ ಇಡುವ ಕೋಣೆಯಲ್ಲಿ, ಅದರಿಂದಲೇ ಆ ಸಭೆಗೆ ವೆಸ್ಟ್ರಿ ಅನ್ನುವ ಹೆಸರು. 1868ರಲ್ಲಿ ಚರ್ಚ್ ತೆರಿಗೆಯ ಕಡ್ಡಾಯ ಹೋಯಿತು, 1894ರಲ್ಲಿ ಚುನಾಯಿತ ಪ್ಯಾರಿಷ್ ಕೌನ್ಸಿಲ್ ಬಂದು ಊರಿನ ಆಡಳಿತ ಚರ್ಚಿನಿಂದ ಬೇರೆಯಾಯಿತು. ಅಂದ ಹಾಗೆ, ಇಂಗ್ಲಿಷ್ ಹಳ್ಳಿ ಚರ್ಚಿನಲ್ಲಿ ಕುಂಬಳಕಾಯಿ, ಗೋಧಿ ತೆನೆ ಜೋಡಿಸುವ ಸುಗ್ಗಿ ಪ್ರಾರ್ಥನೆ ನೋಡಿ ಪುರಾತನ ಅಂತ ಬರೆಯಬೇಡಿ. ಈಗಿನ ರೂಪದಲ್ಲಿ ಅದು ಶುರುವಾದದ್ದು 1843ರಲ್ಲಿ, ಕಾರ್ನ್‌ವಾಲ್‌ನ ಮಾರ್ವೆನ್‌ಸ್ಟೋ ಊರಿನ ವಿಕರ್ ರಾಬರ್ಟ್ ಹಾಕರ್‌ನಿಂದ.

ಅಭ್ಯಾಸಕ್ಕೆ ನಾನೇ ಹಾಕಿಕೊಂಡ ಒಂದು ಪ್ರಶ್ನೆ: 1549ರಲ್ಲಿ ಹಣ ಕೊಟ್ಟು ಐದು ಜನರನ್ನು ಬಂಡಾಯಕ್ಕೆ ಕಳಿಸಿದ ಊರು, ಹತ್ತು ವರ್ಷದ ನಂತರ ಅದೇ ಮಾಸ್ ಮತ್ತೆ ನಿಂತುಹೋದಾಗ ಯಾಕೆ ಸುಮ್ಮನಿತ್ತು? ಭಯ ಅಂತ ಒಂದೇ ಪದದಲ್ಲಿ ಬರೆಯಬಹುದು. ಆದರೆ ಬರೆಯುವ ಮೊದಲು ಆ ಹೊತ್ತಿಗೆ 20 ವರ್ಷದ ಹುಡುಗಿಯೊಬ್ಬಳ ಲೆಕ್ಕ ಹಾಕಿ ನೋಡಿ. ಸ್ಟೋರ್‌ಗಳು ಮುಚ್ಚಿದಾಗ ಅವಳಿಗೆ ಎಂಟೋ ಒಂಬತ್ತೋ ವರ್ಷ. ಹುಡುಗಿಯರ ಸ್ಟೋರ್‌ಗೆ ಅವಳು ಒಂದು ಸಲವೂ ಕಾಸು ಎತ್ತಿರಲಿಲ್ಲ.