ಜಪಾಟಿಸ್ಟಾ ಅಂದರೆ ‘ಮೆಕ್ಸಿಕೋದ ನಕ್ಸಲರು’ ಅಲ್ಲ

ಕಳೆದ ವಾರ ಬಸವನಗುಡಿಯ ಒಂದು ವಿಚಾರ ಸಂಕಿರಣದಲ್ಲಿ ಮತ್ತೆ ಅದೇ ಮಾತು ಕಿವಿಗೆ ಬಿತ್ತು. ‘ಜಪಾಟಿಸ್ಟಾ, ಅಂದರೆ ಮೆಕ್ಸಿಕೋದ ನಕ್ಸಲರು.’ ಸಭೆ ತಲೆಯಾಡಿಸಿತು, ಭಾಷಣ ಮುಂದುವರಿಯಿತು. ಲೇಖನಗಳಲ್ಲೂ ಇದೇ ವಿವರಣೆ ಸುಮ್ನೆ ಒಬ್ಬರಿಂದ ಒಬ್ಬರಿಗೆ ದಾಟಿಕೊಂಡು ಬರುತ್ತಿದೆ. ಈ ಮಾತು ಹೇಳುತ್ತಿರುವುದು 1994ರಲ್ಲಿ ಮೆಕ್ಸಿಕೋದ ಚಿಯಾಪಾಸ್‌ನಲ್ಲಿ ಎದ್ದ ಮೂಲನಿವಾಸಿ ಜನರ ಬಗ್ಗೆ. ಇದನ್ನು ನಿಲ್ಲಿಸಬೇಕು.

ಪದ ಬಂದಿರುವುದು ಮೆಕ್ಸಿಕೋ ಕ್ರಾಂತಿಯ ರೈತ ನಾಯಕ ಎಮಿಲಿಯಾನೋ ಜಪಾಟಾನ ಹೆಸರಿನಿಂದ. ಸ್ಪ್ಯಾನಿಷ್‌ನಲ್ಲಿ ಹೆಸರಿಗೆ ‘ಇಸ್ತಾ’ ಸೇರಿದರೆ ಆ ಕಡೆಯವರು ಎಂದರ್ಥ. ಮೆಕ್ಸಿಕೋದವರ ಬಾಯಲ್ಲಿ ಅದು ‘ಸಪಾತಿಸ್ತಾ’. ಇಂಗ್ಲಿಷ್ ದಾರಿಯಲ್ಲಿ ನಮಗೆ ಬಂದು ಜಪಾಟಿಸ್ಟಾ ಆಗಿದೆ, ಇರಲಿ. ಆದರೆ ‘ಜಪಾಟಾವಾದಿ’ ಎಂದು ಅನುವಾದಿಸುವುದು ನನಗೆ ಒಪ್ಪಿಗೆಯಿಲ್ಲ. ಜಪಾಟಾ ವಾದ ಹೂಡಲಿಲ್ಲ, ಜಮೀನು ಕೇಳಿದ.

1909ರಲ್ಲಿ ಮೊರೆಲೋಸ್ ರಾಜ್ಯದ ಅನೆನೆಕುಯಿಲ್ಕೋ ಎಂಬ ಹಳ್ಳಿಯವರು 30 ವರ್ಷದ ಜಪಾಟಾನನ್ನು ಊರಿನ ಮುಖಂಡನಾಗಿ ಆರಿಸಿದರು. ಹಿರಿಯರು ಊರ ಜಮೀನಿನ ಹಳೇ ಕಾಗದಪತ್ರಗಳನ್ನೆಲ್ಲ ಅವನ ಕೈಗೆ ಒಪ್ಪಿಸಿದರು. ಸ್ಪೇನ್ ದೊರೆಗಳ ಕಾಲದಿಂದ ಕಾಪಾಡಿಕೊಂಡು ಬಂದ ದಾಖಲೆಗಳು ಅವು. ಅವುಗಳಲ್ಲಿದ್ದ ಹೊಲಗಳನ್ನು ಅಷ್ಟರಲ್ಲಿ ಕಬ್ಬಿನ ಎಸ್ಟೇಟುಗಳು ನುಂಗಿದ್ದವು. ಕಚೇರಿ ಅಲೆದದ್ದಾಯಿತು, ಅರ್ಜಿ ಕೊಟ್ಟದ್ದಾಯಿತು, ಆಮೇಲೆ ಕೋವಿ ಬಂತು. 1911ರ ಆಯಾಲಾ ಘೋಷಣೆಯಲ್ಲಿ ಅವನು ಕೇಳಿದ್ದು ಇಷ್ಟು: ಕಿತ್ತುಕೊಂಡ ಜಮೀನು ಹಳ್ಳಿಗಳಿಗೆ ವಾಪಸ್ ಬರಬೇಕು, ದೊಡ್ಡ ಜಮೀನುದಾರರ ಆಸ್ತಿಯ ಮೂರನೇ ಒಂದು ಭಾಗ ಜಮೀನಿಲ್ಲದವರಿಗೆ ಸಿಗಬೇಕು. 1919ರ ಏಪ್ರಿಲ್ 10ರಂದು ಅವನನ್ನು ಮೋಸದಿಂದ ಕರೆಸಿ ಕೊಂದರು.

ಆದರೆ ಅವನ ಬೇಡಿಕೆ ಅಷ್ಟರಲ್ಲಾಗಲೇ ಕಾನೂನಿಗೆ ಇಳಿದಿತ್ತು. 1917ರ ಸಂವಿಧಾನದ 27ನೇ ವಿಧಿಯ ಮೇಲೆ ‘ಎಹೀದೋ’ ಜಮೀನುಗಳು ನಿಂತವು. ಜಮೀನು ಊರಿನ ಲೆಕ್ಕದಲ್ಲಿತ್ತು, ಉಳುವ ಹಕ್ಕು ಕುಟುಂಬಕ್ಕೆ, ಮಾರುವ ಹಕ್ಕು ಯಾರಿಗೂ ಇರಲಿಲ್ಲ. ಬೆಂಗಳೂರಿನ ಸುತ್ತಮುತ್ತ ಜಮೀನಿನ ವ್ಯವಹಾರ ನೋಡಿದವರಿಗೆ 1978ರ ಪಿಟಿಸಿಎಲ್ ಕಾಯ್ದೆ ಗೊತ್ತಿರುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಪರಭಾರೆ ಮಾಡುವಂತಿಲ್ಲ. ನಾಳೆ ಆ ಬೇಲಿ ಕಿತ್ತುಹಾಕಿದರೆ ದೇವನಹಳ್ಳಿ, ಆನೇಕಲ್ ಕಡೆ ಏನಾಗಬಹುದು? 1992ರಲ್ಲಿ ಮೆಕ್ಸಿಕೋದ ಅಧ್ಯಕ್ಷ ಸಲೀನಾಸ್ 27ನೇ ವಿಧಿಗೆ ತಿದ್ದುಪಡಿ ತಂದು ಅಂಥದ್ದೇ ಒಂದು ಬೇಲಿ ಕಿತ್ತರು. ಎಹೀದೋ ಮಾರಾಟಕ್ಕೆ ದಾರಿಯಾಯಿತು, ಹೊಸದಾಗಿ ಜಮೀನು ಹಂಚುವುದು ನಿಂತಿತು. ಜಪಾಟಾನ ಹೆಸರು ಮತ್ತೆ ಯಾಕೆ ಎದ್ದು ಬಂತು ಎನ್ನುವುದು ಇಲ್ಲಿಂದಲೇ ತಿಳಿಯಬೇಕು. ಈ ಭಾಗ ಬಿಟ್ಟು ಪದದ ಅರ್ಥ ಹೇಳಿದರೆ ಏನೂ ಹೇಳಿದಂತಾಗುವುದಿಲ್ಲ.

1994ರ ಜನವರಿ 1. ಅಮೆರಿಕ, ಕೆನಡಾ, ಮೆಕ್ಸಿಕೋ ನಡುವಿನ ಮುಕ್ತ ವ್ಯಾಪಾರದ ನಾಫ್ಟಾ ಒಪ್ಪಂದ ಜಾರಿಯಾದ ದಿನ. ಅಮೆರಿಕದ ಅಗ್ಗದ ಮೆಕ್ಕೆಜೋಳ ಬಂದರೆ ಬೆಟ್ಟದ ಮೇಲೆ ಮೆಕ್ಕೆಜೋಳ ಬೆಳೆದು ಉಣ್ಣುವವರ ಗತಿಯೇನು ಎಂಬ ಭಯ ದಕ್ಷಿಣದ ಚಿಯಾಪಾಸ್ ರಾಜ್ಯದಲ್ಲಿ ಮೊದಲೇ ಇತ್ತು. ಆ ರಾತ್ರಿ ತ್ಸೋತ್ಸಿಲ್, ತ್ಸೆಲ್ತಾಲ್, ಚೋಲ್, ತೊಹೊಲಬಾಲ್ ಎಂಬ ಮೂಲನಿವಾಸಿ ಜನ ಮುಖ ಮುಚ್ಚಿಕೊಂಡು ಕಾಡಿನಿಂದ ಇಳಿದು ಸಾನ್ ಕ್ರಿಸ್ತೋಬಾಲ್, ಒಕೊಸಿಂಗೋ ಸೇರಿ ಹಲವು ಪಟ್ಟಣಗಳನ್ನು ಹಿಡಿದರು. ಸಾನ್ ಕ್ರಿಸ್ತೋಬಾಲ್‌ಗೆ ನುಗ್ಗಿದ ಪಡೆಯ ಮುಂದಾಳು ಒಬ್ಬ ಹೆಂಗಸು, ಮೇಜರ್ ಆನಾ ಮರಿಯಾ. ಎಲ್ಲರಿಗೂ ಕೋವಿ ಸಿಕ್ಕಿರಲಿಲ್ಲ. ಕೆಲವರು ಹಿಡಿದಿದ್ದು ಕೋವಿಯ ಆಕಾರಕ್ಕೆ ಕೆತ್ತಿದ ಮರದ ತುಂಡು. ಅದನ್ನೇ ಹೆಗಲಿಗೇರಿಸಿಕೊಂಡು ಸೇನೆಯ ಎದುರು ನಿಂತರು. ಕೇಳಿದ್ದು ಕೆಲಸ, ಜಮೀನು, ಮನೆ, ಅನ್ನ, ಆರೋಗ್ಯ, ಶಿಕ್ಷಣ, ನ್ಯಾಯ. ‘ಯಾ ಬಸ್ತಾ’ ಅಂದರು, ಇನ್ನು ಸಾಕು ಎಂದು.

ಈಗ ನಕ್ಸಲರ ವಿಷಯ. ಹೋಲಿಕೆ ಪೂರ್ತಿ ಆಧಾರವಿಲ್ಲದ್ದಲ್ಲ. 1967ರ ನಕ್ಸಲ್ಬಾರಿಯಲ್ಲೂ ಜಮೀನಿನ ಪ್ರಶ್ನೆ ಇತ್ತು, ಆದಿವಾಸಿಗಳೂ ಇದ್ದರು. ಜಪಾಟಿಸ್ಟಾ ಸೇನೆಯನ್ನು 1983ರ ನವೆಂಬರ್‌ನಲ್ಲಿ ಚಿಯಾಪಾಸ್‌ನ ಲಕಂಡಾನ್ ಕಾಡಿನಲ್ಲಿ ಕಟ್ಟಲು ಹೋದವರಲ್ಲೂ ನಗರದ ಮಾರ್ಕ್ಸ್‌ವಾದಿಗಳಿದ್ದರು. ರಾಜಧಾನಿಯವರೆಗೆ ನುಗ್ಗುತ್ತೇವೆ ಎಂದು ಮೊದಲ ಘೋಷಣೆಯಲ್ಲೇ ಬರೆದಿದ್ದರು. ಹೋಲಿಕೆ ಮಾಡುವವರು ಇಲ್ಲಿಗೇ ನಿಲ್ಲುತ್ತಾರೆ, ನನ್ನ ಸಿಟ್ಟು ಇರುವುದೇ ಅಲ್ಲಿ. ಹೋರಾಟ ಹನ್ನೆರಡು ದಿನ ನಡೆಯಿತು. ಯುದ್ಧ ನಿಲ್ಲಿಸಿ ಎಂದು ಮೆಕ್ಸಿಕೋ ಸಿಟಿಯ ಜನ ಬೀದಿಗಿಳಿದರು. ಜನವರಿ 12ಕ್ಕೆ ಕದನವಿರಾಮವಾಯಿತು. ಆಮೇಲೆ ಅವರು ಆ ಯುದ್ಧಕ್ಕೆ ಮರಳಲಿಲ್ಲ. ಅಧಿಕಾರ ಹಿಡಿಯುವುದು ನಮ್ಮ ಗುರಿಯಲ್ಲ ಎಂದು 1996ರಲ್ಲಿ ಬಾಯಿಬಿಟ್ಟು ಹೇಳಿದರು. ಅದೇ ವರ್ಷ ಮೂಲನಿವಾಸಿಗಳ ಹಕ್ಕುಗಳ ಸಾನ್ ಆಂದ್ರೆಸ್ ಒಪ್ಪಂದಕ್ಕೆ ಸರ್ಕಾರ ಸಹಿ ಹಾಕಿತು, ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ. 1997ರ ಡಿಸೆಂಬರ್‌ನಲ್ಲಿ ಆಕ್ತೆಯಾಲ್ ಹಳ್ಳಿಯಲ್ಲಿ ಪ್ರಾರ್ಥನೆಗೆ ಕೂತಿದ್ದ 45 ಜನರನ್ನು ಅರೆಸೇನಾ ಗುಂಪೊಂದು ಕೊಂದಿತು. ಅವರು ಕೋವಿ ಹಿಡಿದವರಲ್ಲ, ಜಪಾಟಿಸ್ಟಾಗಳ ಬೇಡಿಕೆ ನ್ಯಾಯವಾದದ್ದು ಅಂದುಕೊಂಡಿದ್ದ ತ್ಸೋತ್ಸಿಲ್ ಜನ. ಇಷ್ಟಾದರೂ ಜಪಾಟಿಸ್ಟಾಗಳು ತಮ್ಮ ಊರುಗಳಲ್ಲಿ ತಾವೇ ಶಾಲೆ, ದವಾಖಾನೆ, ಪಂಚಾಯ್ತಿ ನಡೆಸುತ್ತ ಹೋದರು. 2003ರಿಂದ ‘ಒಳ್ಳೆ ಸರ್ಕಾರದ ಸಮಿತಿ’ ಎಂದು ಹೆಸರಿಟ್ಟು, ಸರದಿ ಮೇಲೆ ಜನರನ್ನು ಕೂರಿಸಿ ಆಡಳಿತ ಮಾಡಿದರು.

‘ಪ್ರತ್ಯೇಕತಾವಾದಿಗಳು’ ಎನ್ನುವುದೂ ತಪ್ಪು. ಅವರು ಬೇರೆ ದೇಶ ಕೇಳಲೇ ಇಲ್ಲ. ಕೇಳಿದ್ದು ಮೆಕ್ಸಿಕೋದೊಳಗೇ ಸ್ವಾಯತ್ತತೆ.

ನಮ್ಮ ಬೆಂಗಳೂರಿಗೂ ಆ ಚಳವಳಿಗೂ ನಂಟಿದೆ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಜಪಾಟಿಸ್ಟಾಗಳು 1996ರಲ್ಲಿ ಚಿಯಾಪಾಸ್‌ಗೆ ಲೋಕದ ಚಳವಳಿಗಾರರನ್ನು ಕರೆದಿದ್ದರು. ಆ ಸರಣಿಯ ಭೇಟಿಗಳಿಂದ 1998ರಲ್ಲಿ ಜಿನೀವಾದಲ್ಲಿ ‘ಪೀಪಲ್ಸ್ ಗ್ಲೋಬಲ್ ಆ್ಯಕ್ಷನ್’ ಎಂಬ ಜಾಲ ಹುಟ್ಟಿತು. ಅದರ ಎರಡನೇ ಸಮಾವೇಶ 1999ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲೇ ನಡೆಯಿತು, ಕರೆದವರು ರಾಜ್ಯ ರೈತ ಸಂಘ. ವಿಶ್ವ ವ್ಯಾಪಾರದ ಗ್ಯಾಟ್ ಮಾತುಕತೆಯ ಡಂಕೆಲ್ ಪ್ರಸ್ತಾವದ ವಿರುದ್ಧ ಹೋರಾಡಿದ್ದ ಹಸಿರು ಶಾಲಿನವರಿಗೆ ನಾಫ್ಟಾ ಏನೆಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಬರೆಯುವವರಿಗೆ ಒಂದು ಮಾತು. ಹಿಂದಿಯ ನೆರಳಿನಲ್ಲಿ ‘ದಂಗೆ’ ಅಂದರೆ ಈಗ ಗಲಭೆ, ದೊಂಬಿ ಎಂಬ ಅರ್ಥ ಜಾಸ್ತಿಯಾಗಿದೆ. ಆದರೆ ಹಲಗಲಿ ಬೇಡರದು ದಂಗೆ, ಅಮರ ಸುಳ್ಯದ್ದೂ ದಂಗೆ. ಆ ಅರ್ಥದಲ್ಲಿ 1994ರ ಹನ್ನೆರಡು ದಿನಗಳಿಗೆ ‘ಜಪಾಟಿಸ್ಟಾ ದಂಗೆ’ ಎನ್ನಿ, ಸರಿಯಾಗಿದೆ. ನಂತರದ್ದಕ್ಕೆ ‘ಚಳವಳಿ’ ಎನ್ನಿ. ಜಪಾಟಾನ ಜೊತೆ ಹೋರಾಡಿದವರೂ ಜಪಾಟಿಸ್ಟಾಗಳೇ, ಹಾಗಾಗಿ ಯಾವ ಕಾಲದವರು ಎಂದು ಇಸವಿ ಸೇರಿಸುವುದನ್ನು ಮರೆಯಬೇಡಿ.