‘ದಾಖಲೆಯ ಬಿಸಿ ವರ್ಷ’ ಎಂಬ ಸುದ್ದಿಯನ್ನು ಓದುವುದು ಹೇಗೆ? ಅಧ್ಯಯನ ಟಿಪ್ಪಣಿ

ಮೊದಲು ಒಂದು ಪದದ ಗೊಂದಲ ಬಗೆಹರಿಸಿಕೊಳ್ಳೋಣ. ಶಾಲೆಯ ಭೂಗೋಳದ ಪಾಠದಲ್ಲಿ ಹವಾಮಾನ ಬೇರೆ, ವಾಯುಗುಣ ಬೇರೆ. ಇವತ್ತಿನ ಮಳೆ, ಬಿಸಿಲು, ಗಾಳಿ ಹವಾಮಾನ. ಮೂವತ್ತು ವರ್ಷಗಳಂಥ ದೀರ್ಘ ಅವಧಿಯ ಸರಾಸರಿ ವಾಯುಗುಣ. ಪತ್ರಿಕೆಗಳಲ್ಲಿ ಎರಡಕ್ಕೂ ‘ಹವಾಮಾನ’ವೇ ಬಳಕೆಯಾಗಿ ‘ಹವಾಮಾನ ಬದಲಾವಣೆ’ ಎಂಬ ಮಾತು ನೆಲೆಗೊಂಡಿದೆ. ಹಾಗಾಗಿ ‘ಹವಾಮಾನ ದಿನಾ ಬದಲಾಗುತ್ತದಲ್ಲ, ಅದರಲ್ಲೇನು ವಿಶೇಷ?’ ಎಂದು ಯಾರಾದರೂ ಕೇಳಿದರೆ ತಪ್ಪು ಅವರದಷ್ಟೇ ಅಲ್ಲ, ಪದದ್ದೂ ಹೌದು.

2015ರ ಫೆಬ್ರವರಿ 26ರಂದು ಅಮೆರಿಕದ ಸೆನೆಟರ್ ಜೇಮ್ಸ್ ಇನ್‌ಹೋಫ್ ಸದನದೊಳಕ್ಕೆ ಒಂದು ಹಿಮದ ಉಂಡೆ ತಂದು ತೋರಿಸಿದರು. 2014 ದಾಖಲೆಯ ಬಿಸಿ ವರ್ಷ ಎನ್ನುತ್ತಾರೆ, ಹೊರಗೆ ನೋಡಿದರೆ ಇಷ್ಟು ಚಳಿ ಎಂಬುದು ಅವರ ವಾದ. ಒಂದು ಊರಿನ ಒಂದು ದಿನವನ್ನು ಇಡೀ ಭೂಮಿಯ ಇಡೀ ವರ್ಷದ ಸರಾಸರಿಗೆ ಎದುರು ನಿಲ್ಲಿಸಿದ ವಾದವದು. ಒಂದು ಊರಿನ ಒಂದು ಬಿರುಬೇಸಿಗೆಯನ್ನು ತೋರಿಸಿ ‘ನೋಡಿ, ಸಾಬೀತಾಯಿತು’ ಎನ್ನುವವರೂ ಇದೇ ತಪ್ಪನ್ನೇ ಮಾಡುತ್ತಾರೆ.

ಎಷ್ಟು ಹೆಚ್ಚು ಎನ್ನುವ ಮುನ್ನ, ಯಾವುದಕ್ಕಿಂತ?

2024 ಈವರೆಗಿನ ಅತ್ಯಂತ ಬಿಸಿಯಾದ ವರ್ಷ. ಎಷ್ಟು ಬಿಸಿ? ನಾಸಾ ಪ್ರಕಾರ 1.28 ಡಿಗ್ರಿ ಸೆಲ್ಸಿಯಸ್ ಹೆಚ್ಚು, ಯುರೋಪಿನ ವಾಯುಗುಣ ಸೇವೆಯಾದ ಕೋಪರ್ನಿಕಸ್ ಪ್ರಕಾರ 1.60, ಅದೇ ಕೋಪರ್ನಿಕಸ್‌ನ ಇನ್ನೊಂದು ಸಾಲಿನಲ್ಲಿ 0.72, ವಿಶ್ವ ಹವಾಮಾನ ಸಂಸ್ಥೆಯ ಪ್ರಕಾರ 1.55. ಈ ನಾಲ್ಕನ್ನೂ ಒಟ್ಟಿಗಿಟ್ಟು ‘ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ’ ಎನ್ನುವುದು ತೀರಾ ಸಾಮಾನ್ಯ. ಆದರೆ ಆಧಾರ ಅವಧಿಗಳೇ ಬೇರೆ ಬೇರೆ. ನಾಸಾ ಹೋಲಿಸುವುದು 1951–1980ರ ಸರಾಸರಿಗೆ. ಕೋಪರ್ನಿಕಸ್‌ನ 0.72 ಇರುವುದು 1991–2020ಕ್ಕೆ ಹೋಲಿಸಿದಾಗ; 1.60 ಮತ್ತು 1.55 ಇರುವುದು ಕೈಗಾರಿಕೆಗಳ ಭರಾಟೆಗೆ ಮುಂಚಿನದೆಂದು ಹಿಡಿಯುವ 1850–1900ಕ್ಕೆ ಹೋಲಿಸಿದಾಗ.

ಪರಿವರ್ತನೆ ಸುಲಭ. ಒಂದೇ ಸಂಸ್ಥೆಯ ಎರಡು ಅಂಕಿಗಳನ್ನು ಕಳೆಯಿರಿ: 1.60 ಕಳೆ 0.72, ಉಳಿದದ್ದು 0.88. ಅಂದರೆ ಕೋಪರ್ನಿಕಸ್ ಲೆಕ್ಕದಲ್ಲಿ 1991–2020ರ ಸರಾಸರಿಯೇ ಹಳೆಯ ಕಾಲಕ್ಕಿಂತ 0.88 ಡಿಗ್ರಿ ಮೇಲಿತ್ತು. ನಾಸಾದ 1.28, 1850–1900ಕ್ಕೆ ಹೋಲಿಸಿದಾಗ 1.47 ಆಗುತ್ತದೆ. ನಾಸಾ, ಕೋಪರ್ನಿಕಸ್ ನಡುವೆ ಮೊದಲು 0.32 ಇದ್ದ ಭಿನ್ನಾಭಿಪ್ರಾಯ ಈಗ 0.13ಕ್ಕೆ ಇಳಿಯಿತು. ಉಳಿದ ವ್ಯತ್ಯಾಸ ಮುಖ್ಯವಾಗಿ ಇಂದಿನ ಅಳತೆಯದ್ದಲ್ಲ. 19ನೇ ಶತಮಾನದಲ್ಲಿ ಥರ್ಮಾಮೀಟರುಗಳು ವಿರಳವಾಗಿದ್ದರಿಂದ ಆರಂಭದ ರೇಖೆಯನ್ನು ಎಲ್ಲಿ ಎಳೆಯಬೇಕೆಂಬುದರಲ್ಲೇ ಅದು ಬರುತ್ತದೆ.

ನೇರ ತಾಪಮಾನ ಬಿಟ್ಟು ಸರಾಸರಿಯಿಂದ ಆದ ವ್ಯತ್ಯಾಸವನ್ನೇ ಏಕೆ ಲೆಕ್ಕಿಸುತ್ತಾರೆ? ಒಂದು ಬೆಟ್ಟದ ಮೇಲಿನ ಕೇಂದ್ರ, ಒಂದು ಬಯಲಿನ ಕೇಂದ್ರ ಇವೆಯೆನ್ನಿ. ಬೆಟ್ಟದ ಕೇಂದ್ರ ಮುಚ್ಚಿದರೆ ನೇರ ತಾಪಮಾನದ ಸರಾಸರಿ ದಿಢೀರನೆ ಏರುತ್ತದೆ, ಭೂಮಿ ಬಿಸಿಯಾಗದಿದ್ದರೂ! ಪ್ರತಿ ಕೇಂದ್ರವನ್ನು ಅದರದೇ ಹಳೆಯ ಸರಾಸರಿಗೆ ಹೋಲಿಸಿದರೆ ಈ ಮೋಸ ಆಗದು. ಇನ್ನೊಂದು ಅನುಕೂಲ: ಬೆಟ್ಟದ ಮೇಲೂ ಬಯಲಿನಲ್ಲೂ ತಾಪಮಾನ ಬೇರೆಯಾದರೂ ಮಾಮೂಲಿಗಿಂತ ಎಷ್ಟು ಹೆಚ್ಚು ಎಂಬುದು ಸಾವಿರ ಕಿಲೋಮೀಟರ್ ಆಸುಪಾಸಿನಲ್ಲಿ ಹೆಚ್ಚುಕಡಿಮೆ ಜೊತೆಯಲ್ಲೇ ಸಾಗುತ್ತದೆ. ಕೇಂದ್ರಗಳು ಅಲ್ಲಲ್ಲಿ ವಿರಳವಾಗಿದ್ದರೂ ಜಾಗತಿಕ ಸರಾಸರಿ ಸಿಗುವುದು ಇದರಿಂದಲೇ.

ಗೆದ್ದದ್ದು ಎಷ್ಟು ಅಂತರದಿಂದ?

2014ನ್ನು ದಾಖಲೆಯ ವರ್ಷವೆಂದು ಘೋಷಿಸಿದಾಗ ದೊಡ್ಡ ಗಲಾಟೆಯೇ ಆಯಿತು. ಹಿಂದಿನ ದಾಖಲೆಗಿಂತ ಅದು ನಾಸಾ ಲೆಕ್ಕದಲ್ಲಿ ಸುಮಾರು 0.02 ಡಿಗ್ರಿ, ಅಮೆರಿಕದ್ದೇ ಇನ್ನೊಂದು ಸಂಸ್ಥೆಯಾದ ಎನ್‌ಒಎಎ ಲೆಕ್ಕದಲ್ಲಿ 0.04 ಡಿಗ್ರಿ ಮಾತ್ರ ಮೇಲಿತ್ತು. ಅಳತೆಯ ಅನಿಶ್ಚಿತತೆ ಇದಕ್ಕಿಂತ ಹೆಚ್ಚು. 2014ನೇ ವರ್ಷವೇ ಮೊದಲ ಸ್ಥಾನದಲ್ಲಿರುವ ಸಂಭವ ನಾಸಾ ಪ್ರಕಾರ ಶೇ 38, ಎನ್‌ಒಎಎ ಪ್ರಕಾರ ಶೇ 48. ಇದನ್ನು ಹಿಡಿದು ‘ದಾಖಲೆ ಸುಳ್ಳಾಗಿರುವ ಸಾಧ್ಯತೆ ಶೇ 62’ ಎಂದು ಬರೆದವರಿದ್ದರು. ಗಣಿತ ಸರಿ, ಅರ್ಥ ತಪ್ಪು. ಆ ಶೇ 62 ಯಾವುದೋ ಒಂದು ವರ್ಷದ ಪಾಲಲ್ಲ. 2010, 2005 ಮುಂತಾದ ಹಲವು ವರ್ಷಗಳಿಗೆ ಹಂಚಿಹೋದದ್ದು. ಎರಡನೇ ಸ್ಥಾನದ 2010ಕ್ಕೆ ಸಿಕ್ಕಿದ್ದು ಶೇ 23. ಅಷ್ಟಕ್ಕೂ ಆ ಸ್ಪರ್ಧಿಗಳೆಲ್ಲ ಇತ್ತೀಚಿನ ವರ್ಷಗಳೇ. ಹಾಗಿದ್ದೂ ಸುದ್ದಿಯ ತಲೆಬರಹದಲ್ಲೇ ಈ ಸಂಭವದ ಅಂಕಿ ಕಾಣಿಸಬೇಕಿತ್ತು ಎಂಬ ಟೀಕೆಯಲ್ಲಿ ನ್ಯಾಯವಿದೆ. ಮರುವರ್ಷ 2015 ಹಿಂದಿನ ದಾಖಲೆಯನ್ನು 0.13 ಡಿಗ್ರಿಯಿಂದ ಮುರಿದಾಗ ಸಂಭವ ಶೇ 94 ಎಂದು ನಾಸಾ ಘೋಷಣೆಯಲ್ಲೇ ಹೇಳಿತು.

ಇಲ್ಲಿ ಪರೀಕ್ಷೆಯಲ್ಲೂ ಚರ್ಚೆಯಲ್ಲೂ ಜನ ಎಡವುವ ಒಂದು ಜಾಗವಿದೆ. ವಿಶ್ವ ಹವಾಮಾನ ಸಂಸ್ಥೆ 2024ಕ್ಕೆ ಕೊಟ್ಟ ಅಂಕಿ 1.55, ಅದಕ್ಕಿಂತ 0.13 ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದು. 2023ಕ್ಕೆ ಕೊಟ್ಟದ್ದು 1.45, ಹಾಗೆಯೇ 0.12 ಆಚೀಚೆ. ಅಂತರ 0.10, ಅನಿಶ್ಚಿತತೆ ಅದಕ್ಕಿಂತ ದೊಡ್ಡದು. ಹಾಗಾದರೆ ದಾಖಲೆಯೇ ಅಲ್ಲವೇ? ದಾಖಲೆಯೇ. ಆ 0.13ರಲ್ಲಿ ಹೆಚ್ಚಿನ ಪಾಲು 1850–1900ರ ಸರಾಸರಿಯ ಅನಿಶ್ಚಿತತೆ. ಆ ದೋಷ ಎರಡೂ ವರ್ಷಗಳಿಗೆ ಸಮಾನ, ಕಳೆದಾಗ ಹೊರಟುಹೋಗುತ್ತದೆ. ನೆಲದ ಮಟ್ಟ ಸರಿಯಾಗಿ ಗೊತ್ತಿಲ್ಲದಿದ್ದರೂ ಎರಡು ಗೋಡೆಗಳಲ್ಲಿ ಯಾವುದು ಎತ್ತರ ಎಂದು ಹೇಳಬಹುದಲ್ಲ, ಹಾಗೆ.

ದಾಖಲೆಗಳ ಎಣಿಕೆ

ಒಂದೊಂದು ದಾಖಲೆಗಿಂತ ಅವುಗಳ ಸಾಲು ಹೆಚ್ಚು ಹೇಳುತ್ತದೆ. ವಾಯುಗುಣ ಸ್ಥಿರವಾಗಿದ್ದು ಪ್ರತಿ ವರ್ಷವೂ ಸ್ವತಂತ್ರವಾಗಿದ್ದರೆ, ಪಟ್ಟಿಯ 100ನೇ ವರ್ಷ ಹೊಸ ದಾಖಲೆಯಾಗುವ ಸಂಭವ ನೂರರಲ್ಲಿ ಒಂದು. 145ನೇ ವರ್ಷಕ್ಕೆ 145ರಲ್ಲಿ ಒಂದು. ಪಟ್ಟಿ ಉದ್ದವಾದಷ್ಟೂ ದಾಖಲೆ ಅಪರೂಪವಾಗಬೇಕು. ನಾಸಾ ಪಟ್ಟಿ 1880ರಿಂದ ಶುರು, 2024ಕ್ಕೆ 145 ವರ್ಷ. ಕೊನೆಯ 20 ವರ್ಷಗಳ ಭಿನ್ನರಾಶಿಗಳನ್ನು ಕೂಡಿದರೆ ಸುಮಾರು 0.15 ಬರುತ್ತದೆ, ಅಂದರೆ ಒಂದು ದಾಖಲೆಯೂ ನಿರೀಕ್ಷೆಯಲ್ಲಿಲ್ಲ. ಆದದ್ದು ಏನು? 2005, 2010, 2014, 2015, 2016, 2023, 2024. 2016ಕ್ಕೆ ಸರಿಸಮನಾಗಿ ನಿಂತ 2020ನ್ನು ಬಿಟ್ಟರೂ ಏಳು. ಅಕ್ಕಪಕ್ಕದ ವರ್ಷಗಳು ಪೂರ್ತಿ ಸ್ವತಂತ್ರವಲ್ಲ ಎಂಬ ಆಕ್ಷೇಪ ಸರಿಯೇ, ಆದರೆ 0.15ಕ್ಕೂ 7ಕ್ಕೂ ನಡುವಿನ ಕಂದಕವನ್ನು ಅದು ಮುಚ್ಚುವುದಿಲ್ಲ.

1998ರಿಂದ ಎಣಿಸಿದರೆ?

‘1998ರ ನಂತರ ಬಿಸಿಯೇರುವುದು ನಿಂತಿದೆ’ ಎಂಬ ವಾದ ಹಲವು ವರ್ಷ ಓಡಾಡಿತು. 1997–98ರಲ್ಲಿ ಪ್ರಬಲ ಎಲ್ ನಿನೊ ಇತ್ತು. ಪೆಸಿಫಿಕ್ ಸಾಗರದ ಬಿಸಿನೀರು ಮೇಲ್ಮೈಯಲ್ಲಿ ಹರಡಿ ವಾತಾವರಣಕ್ಕೆ ಶಾಖ ಬಿಡುವ ಈ ವಿದ್ಯಮಾನ ಜಾಗತಿಕ ಸರಾಸರಿಯನ್ನು 0.1ರಿಂದ 0.2 ಡಿಗ್ರಿ ಏರಿಸಬಲ್ಲದು. ಅಂಥ ಶಿಖರದಿಂದ ಅಳೆಯಲು ಶುರುಮಾಡಿದರೆ ಮುಂದಿನದೆಲ್ಲ ಚಪ್ಪಟೆಯಾಗಿ ಕಾಣುತ್ತದೆ.

ಎಷ್ಟು ವರ್ಷ ಸಾಕು ಎಂಬುದನ್ನು ನಾವೇ ಲೆಕ್ಕ ಹಾಕಬಹುದು. 1970ರ ದಶಕದಿಂದೀಚೆಗಿನ ಏರಿಕೆ ದಶಕಕ್ಕೆ ಸುಮಾರು 0.2 ಡಿಗ್ರಿ. ವರ್ಷದಿಂದ ವರ್ಷಕ್ಕೆ ಆಗುವ ಏರಿಳಿತ ಸುಮಾರು 0.1 ಡಿಗ್ರಿ ಎಂದು ಹಿಡಿಯಿರಿ. ವರ್ಷಗಳ ಸಂಖ್ಯೆಯ ಘನವನ್ನು 12ರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ, 0.1ನ್ನು ಅದರಿಂದ ಭಾಗಿಸಿದರೆ ಇಳಿಜಾರಿನ (ಏರಿಕೆಯ ದರದ) ಪ್ರಮಾಣ ದೋಷ, ಅಂದರೆ ಅಂದಾಜು ಎಷ್ಟು ಆಚೀಚೆ ಆಗಬಹುದೆಂಬ ಅಳತೆ, ವರ್ಷಕ್ಕೆ ಇಷ್ಟು ಡಿಗ್ರಿ ಎಂದು ಸಿಗುತ್ತದೆ. 10 ವರ್ಷಕ್ಕೆ: 1000 ಭಾಗಿಸು 12, ವರ್ಗಮೂಲ 9.13, ದೋಷ ವರ್ಷಕ್ಕೆ 0.011, ದಶಕಕ್ಕೆ 0.11. ದೋಷಮಿತಿಗೆ ಇದರ ಇಮ್ಮಡಿ ಹಿಡಿಯುವುದು ರೂಢಿ: 0.22. ಹುಡುಕುತ್ತಿರುವ 0.2ಕ್ಕಿಂತ ದೋಷಮಿತಿಯೇ ದೊಡ್ಡದು! 20 ವರ್ಷಕ್ಕೆ ಇಮ್ಮಡಿ ದೋಷ 0.08ಕ್ಕೆ ಇಳಿಯುತ್ತದೆ, 30ಕ್ಕೆ 0.04. ಬಿಸಿ ವರ್ಷದ ಹಿಂದೆ ಬಿಸಿ ವರ್ಷ ಬರುವ ಚಾಳಿಯಿಂದ ನಿಜವಾದ ದೋಷ ಇನ್ನಷ್ಟು ಹೆಚ್ಚು. ಆದ್ದರಿಂದ ಹತ್ತು ವರ್ಷದ ಗ್ರಾಫ್ ತೋರಿಸಿ ‘ನಿಂತಿತು’ ಎನ್ನುವುದೂ ‘ವೇಗ ಹೆಚ್ಚಿತು’ ಎನ್ನುವುದೂ ಒಂದೇ ಬಗೆಯ ಅವಸರ.

‘ಅಂಕಿಗಳನ್ನು ತಿದ್ದಿದ್ದಾರೆ’

ಹೌದು, ತಿದ್ದಿದ್ದಾರೆ. ಇಡೀ ವಿವಾದದಲ್ಲಿ ಅತ್ಯಂತ ಎಚ್ಚರದಿಂದ ಓದಬೇಕಾದ ಭಾಗ ಇದೇ, ಏಕೆಂದರೆ ಅನುಮಾನ ಹುಟ್ಟುವುದೂ ಕರಗುವುದೂ ವಿವರಗಳಲ್ಲಿ.

ದಿನದ ಗರಿಷ್ಠ ತಾಪಮಾನ ಅಳೆಯುವ ಹಳೆಯ ಥರ್ಮಾಮೀಟರಿನಲ್ಲಿ ಗುರುತು ಅತಿ ಎತ್ತರದ ಬಿಂದುವಿಗೆ ಹೋಗಿ ಅಲ್ಲೇ ನಿಲ್ಲುತ್ತದೆ. ವೀಕ್ಷಕ ದಿನಕ್ಕೊಮ್ಮೆ ಓದಿ, ಬರೆದುಕೊಂಡು, ಗುರುತನ್ನು ಕೆಳಗಿಳಿಸುತ್ತಾನೆ. ಸೋಮವಾರ ಸಂಜೆ 5ಕ್ಕೆ ಓದಿದ, ಗರಿಷ್ಠ 38. ಗುರುತು ಇಳಿಸಿದ. ಆ ಹೊತ್ತಿಗೂ ಗಾಳಿ 37 ಡಿಗ್ರಿ ಇದೆ, ಹಾಗಾಗಿ ಗುರುತು 37ರಲ್ಲೇ ಕೂತಿತು. ಮಂಗಳವಾರ ಮೋಡ ಮುಸುಕಿ ತಾಪಮಾನ 30 ದಾಟಲಿಲ್ಲ. ಸಂಜೆ ನೋಡಿದರೆ ಗುರುತು ತೋರಿಸುವುದು 37! ಸೋಮವಾರದ ಬಿಸಿ ಎರಡು ದಿನದ ಲೆಕ್ಕಕ್ಕೆ ಬಂತು. ಬೆಳಿಗ್ಗೆ ಓದುವ ಪದ್ಧತಿಯಿದ್ದರೆ ಇದೇ ರೀತಿ ಕನಿಷ್ಠ ತಾಪಮಾನದ ಚಳಿ ಎರಡು ಸಲ ಎಣಿಕೆಯಾಗುತ್ತದೆ. ಅಮೆರಿಕದ ಸ್ವಯಂಸೇವಕ ವೀಕ್ಷಕರು 20ನೇ ಶತಮಾನದಲ್ಲಿ ಕ್ರಮೇಣ ಸಂಜೆಯಿಂದ ಬೆಳಿಗ್ಗೆಗೆ ಬದಲಾದರು. ದಾಖಲೆಯೊಳಗೆ ಸುಳ್ಳು ತಂಪು ಸೇರಿಕೊಂಡಿತು. ಅದನ್ನು ಸರಿಪಡಿಸಿದಾಗ ಅಮೆರಿಕದ ಏರಿಕೆ ಹೆಚ್ಚಾಯಿತು, ಟೀಕಾಕಾರರು ತೋರಿಸುವ ಗ್ರಾಫ್ ಸಾಮಾನ್ಯವಾಗಿ ಇದೇ.

ಆದರೆ ಅಮೆರಿಕ ಭೂಮಿಯ ಮೇಲ್ಮೈಯ ಸುಮಾರು ಶೇ 2 ಮಾತ್ರ. ಸಮುದ್ರ ಶೇ 71. ಸಮುದ್ರದ ಕಥೆ ತಿರುವುಮುರುವು. ಹಿಂದೆ ಹಡಗಿನಿಂದ ಕ್ಯಾನ್ವಾಸ್ ಬಕೆಟ್ ಇಳಿಬಿಟ್ಟು, ನೀರು ಸೇದಿ, ಡೆಕ್ ಮೇಲಿಟ್ಟು ಥರ್ಮಾಮೀಟರ್ ಅದ್ದುತ್ತಿದ್ದರು. ಗಾಳಿಗೆ ಒದ್ದೆ ಬಟ್ಟೆಯಿಂದ ನೀರು ಆವಿಯಾಗಿ, ಓದುವಷ್ಟರಲ್ಲಿ ಬಕೆಟ್ಟಿನ ನೀರು ಒಂದಿಷ್ಟು ತಣ್ಣಗಾಗಿರುತ್ತಿತ್ತು. ಇದನ್ನು ಸರಿಪಡಿಸಲು 1940ಕ್ಕೂ ಮುಂಚಿನ ಅಂಕಿಗಳನ್ನು ಮೇಲಕ್ಕೆತ್ತಬೇಕು. ಹಳೆಯ ಕಾಲ ಬಿಸಿಯಾದಂತೆ ಒಟ್ಟು ಏರಿಕೆ ಕಡಿಮೆಯಾಗುತ್ತದೆ. ನೆಲ, ಸಮುದ್ರ ಎರಡರ ತಿದ್ದುಪಡಿಗಳನ್ನೂ ಕೂಡಿದರೆ ಜಾಗತಿಕ ದೀರ್ಘಾವಧಿಯ ಏರಿಕೆ ಕಚ್ಚಾ ಅಂಕಿಗಿಂತ ಕಡಿಮೆಯೇ ಬರುತ್ತದೆ. ಬಿಸಿಯನ್ನು ಉಬ್ಬಿಸುವ ಉದ್ದೇಶವಿದ್ದವರು ಬಕೆಟ್ಟಿನ ತಂಟೆಗೇ ಹೋಗುತ್ತಿರಲಿಲ್ಲ.

ಮುಂದೆ ಹಡಗಿನ ಎಂಜಿನ್ನಿಗೆ ಸೇರುವ ನೀರನ್ನು ಅಳೆದರು. ಎಂಜಿನ್ ಕೋಣೆಯ ಬಿಸಿಗೆ ಅದು ಕೊಂಚ ಹೆಚ್ಚು ತೋರಿಸುತ್ತಿತ್ತು. ಆಮೇಲೆ ಸಮುದ್ರದಲ್ಲಿ ತೇಲುತ್ತಲೇ ತಾಪಮಾನ ಅಳೆಯುವ ತೇಲುಬುರುಡೆಗಳು ಬಂದವು. ಹಡಗಿನ ಅಳತೆ ಬುರುಡೆಯದಕ್ಕಿಂತ ಸುಮಾರು 0.12 ಡಿಗ್ರಿ ಹೆಚ್ಚು. ಬುರುಡೆಗಳ ಪಾಲು ಏರುತ್ತಿದ್ದಂತೆ ಸುಳ್ಳು ತಂಪು ಸೇರುತ್ತ ಹೋಯಿತು. ಎನ್‌ಒಎಎ 2015ರಲ್ಲಿ ಇದನ್ನು ಸರಿಪಡಿಸಿದಾಗ ಏರಿಕೆ ‘ನಿಂತುಹೋದ’ ಚಿತ್ರವೇ ಬಹುಮಟ್ಟಿಗೆ ಮಾಯವಾಯಿತು, ಅಮೆರಿಕದ ಸಂಸತ್ತಿನ ಸಮಿತಿಯವರೆಗೂ ವಿವಾದ ಹೋಯಿತು. 2017ರಲ್ಲಿ ಬೇರೆ ಸಂಶೋಧಕರು ಬುರುಡೆಗಳ ಅಂಕಿಯನ್ನಷ್ಟೇ, ಉಪಗ್ರಹಗಳದ್ದಷ್ಟೇ, ಸಮುದ್ರದ ಆಳಕ್ಕಿಳಿದು ತಾಪಮಾನ ಅಳೆಯುವ ಆರ್ಗೋ ತೇಲುಯಂತ್ರಗಳದ್ದಷ್ಟೇ ಪ್ರತ್ಯೇಕವಾಗಿ ತೆಗೆದು ನೋಡಿದರು. ಮೂರೂ ಹೊಸ ಲೆಕ್ಕಕ್ಕೇ ಹೊಂದಿದವು.

ಭೌತವಿಜ್ಞಾನಿ ರಿಚರ್ಡ್ ಮುಲ್ಲರ್ ಕೇಂದ್ರಗಳ ಗುಣಮಟ್ಟ, ನಗರಗಳ ಶಾಖ ಇವನ್ನು ಶಂಕಿಸಿ ಬರ್ಕ್ಲಿ ಅರ್ತ್ ಯೋಜನೆಯಲ್ಲಿ ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕಿಸಿದರು. 2012ರಲ್ಲಿ ಬಂದ ಉತ್ತರ: 250 ವರ್ಷಗಳಲ್ಲಿ ನೆಲದ ತಾಪಮಾನ ಸುಮಾರು 1.5 ಡಿಗ್ರಿ ಏರಿದೆ, ಕಾರಣ ಮನುಷ್ಯರೇ. ಶಂಕೆಯನ್ನು ಲೆಕ್ಕದವರೆಗೂ ಒಯ್ದು, ಬಂದ ಉತ್ತರವನ್ನು ಒಪ್ಪಿಕೊಂಡದ್ದು ನನ್ನ ಮಟ್ಟಿಗೆ ಗೌರವದ ಕೆಲಸ.

ಉಪಗ್ರಹದ ಅಳತೆಯೇ ಹೆಚ್ಚು ನಂಬಲರ್ಹವೇ? ಅದು ಥರ್ಮಾಮೀಟರ್ ಅಲ್ಲ. ಆಮ್ಲಜನಕದ ಅಣುಗಳು ಸೂಸುವ ಮೈಕ್ರೋವೇವ್ ಅಳೆದು, ಹಲವು ಕಿಲೋಮೀಟರ್ ದಪ್ಪದ ಗಾಳಿಯ ಪದರದ ತಾಪಮಾನವನ್ನು ಲೆಕ್ಕದಿಂದ ಪಡೆಯುತ್ತಾರೆ. ಕಕ್ಷೆ ಕುಸಿದರೂ, ಹಾದುಹೋಗುವ ಹೊತ್ತು ಜರುಗಿದರೂ ತಿದ್ದಬೇಕು. ಅಂಥ ಒಂದು ತಿದ್ದುಪಡಿಯ ಚಿಹ್ನೆಯೇ ತಿರುವುಮುರುವಾಗಿತ್ತೆಂದು 2005ರಲ್ಲಿ ಬಯಲಾಗಿ, ಏರಿಕೆಯ ಅಂಕಿ ಮೇಲಕ್ಕೆ ಹೋಯಿತು.

ಬಿಸಿಯಾಗಿದೆ ಸರಿ, ಕಾರಣ ಸೂರ್ಯನಿರಬಹುದಲ್ಲ?

ಸೂರ್ಯ ಪ್ರಖರವಾಗಿದ್ದರೆ ಗಾಳಿಯ ಪದರಗಳೆಲ್ಲ ಬಿಸಿಯಾಗಬೇಕಿತ್ತು. ಆದದ್ದು ಬೇರೆ: ಕೆಳಗಿನ ಪರಿವರ್ತನ ಮಂಡಲ ಬಿಸಿಯಾಗಿದೆ, ಅದರ ಮೇಲಿನ ಸಮೋಷ್ಣ ಮಂಡಲ ತಣ್ಣಗಾಗಿದೆ. ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಹೀಗೇ ಆಗುತ್ತದೆಂದು ವಿಜ್ಞಾನಿಗಳಾದ ಮನಾಬೆ ಮತ್ತು ವೆದರಾಲ್ಡ್ 1967ರಲ್ಲೇ ಲೆಕ್ಕ ಹಾಕಿದ್ದರು, ಉಪಗ್ರಹದ ಅಳತೆ ಶುರುವಾಗುವ ಮುನ್ನವೇ. ಆ ಅನಿಲ ಕೈಗಾರಿಕೆಗಳಿಗೆ ಮುಂಚಿನ 280 ಪಿಪಿಎಂನಿಂದ (ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ 280) 2024ಕ್ಕೆ ಸುಮಾರು 422ಕ್ಕೆ ಏರಿದೆ. ಅನುಪಾತ 1.507, ಅದರ ಸ್ವಾಭಾವಿಕ ಲಾಗರಿದಮ್ 0.41, ಈ ಲೆಕ್ಕಕ್ಕೆ ಬಳಸುವ ಗುಣಾಂಕ 5.35ರಿಂದ ಗುಣಿಸಿದರೆ ಚದರ ಮೀಟರಿಗೆ ಸುಮಾರು 2.2 ವಾಟ್ ಹೆಚ್ಚುವರಿ ಶಾಖ. 1980ರಿಂದೀಚೆಗೆ ಸೂರ್ಯನ ಶಾಖದಲ್ಲಿ ಇಂಥ ಏರಿಕೆ ಇಲ್ಲವೇ ಇಲ್ಲ.

ನಿಜವಾಗಿ ಚರ್ಚೆ ಇರುವುದು ಎಲ್ಲಿ?

ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ ಕೊನೆಗೆ ಎಷ್ಟು ಬಿಸಿಯಾಗುತ್ತದೆ ಎಂಬುದಕ್ಕೆ 1979ರಲ್ಲಿ ಕೊಟ್ಟ ಉತ್ತರ 1.5ರಿಂದ 4.5 ಡಿಗ್ರಿ. ವಿಶ್ವಸಂಸ್ಥೆಯ ವಾಯುಗುಣ ತಜ್ಞರ ಸಮಿತಿಯಾದ ಐಪಿಸಿಸಿಯ 2021ರ ವರದಿಯಲ್ಲಿ 2.5ರಿಂದ 4, ಅಂದಾಜು 3. ಈ ಅಂತರಕ್ಕೆ ಮುಖ್ಯ ಕಾರಣ ಮೋಡಗಳು. 2023ರ ಜಿಗಿತವೂ ಚರ್ಚೆಯಲ್ಲಿದೆ: ಆ ಸೆಪ್ಟೆಂಬರ್ ಹಿಂದಿನ ಸೆಪ್ಟೆಂಬರ್ ದಾಖಲೆಯನ್ನು ಸುಮಾರು 0.5 ಡಿಗ್ರಿಯಿಂದ ಮುರಿಯಿತು. ಎಲ್ ನಿನೊ ಒಂದೇ ಸಾಲದು. 2020ರ ಜನವರಿಯಿಂದ ಹಡಗಿನ ಇಂಧನದ ಗಂಧಕದ ಮಿತಿ ಶೇ 3.5ರಿಂದ 0.5ಕ್ಕೆ ಇಳಿದು, ಬಿಸಿಲನ್ನು ಹಿಮ್ಮರಳಿಸುತ್ತಿದ್ದ ಕಣಗಳು ತಗ್ಗಿದವು. ಕೆಳಮಟ್ಟದ ಮೋಡಗಳೂ ಕಡಿಮೆಯಾದವು. ಯಾವುದರ ಪಾಲು ಎಷ್ಟು ಎಂಬುದರಲ್ಲಿ ತಜ್ಞರ ನಡುವೆ ಪ್ರಾಮಾಣಿಕ ಭಿನ್ನಮತವಿದೆ, ‘ಬಿಸಿಯಾಗುತ್ತಿದೆಯೇ’ ಎಂಬುದರಲ್ಲಲ್ಲ.

ಅಂದಹಾಗೆ, 2024 ಒಂದೂವರೆ ಡಿಗ್ರಿ ದಾಟಿದರೂ ಪ್ಯಾರಿಸ್ ಒಪ್ಪಂದದ ಮಿತಿ ಮುರಿಯಿತೆಂದು ಬರೆಯಬೇಡಿ. ಆ ಮಿತಿಯನ್ನು ಅಳೆಯುವುದು ದೀರ್ಘಾವಧಿಯ ಸರಾಸರಿಯಿಂದ, ಸಾಮಾನ್ಯವಾಗಿ 20 ವರ್ಷದ್ದು.

ಅಭ್ಯಾಸಕ್ಕೆ: ‘2016ರಿಂದ 2022ರವರೆಗೆ ಭೂಮಿ ಬಿಸಿಯಾಗಲಿಲ್ಲ’ ಎಂಬ ವಾಕ್ಯ ಪರೀಕ್ಷಿಸಿ. ಆರಂಭ ಎಲ್ ನಿನೊ ವರ್ಷ. ಕೊನೆಯ ಮೂರು ವರ್ಷ ಅದರ ತದ್ವಿರುದ್ಧವಾದ, ತಂಪು ತರುವ ಲಾ ನಿನಾ. ಅವಧಿ 7 ವರ್ಷ: 343 ಭಾಗಿಸು 12, ವರ್ಗಮೂಲ 5.35, ಪ್ರಮಾಣ ದೋಷ ದಶಕಕ್ಕೆ 0.19, ಇಮ್ಮಡಿ ಸುಮಾರು 0.37. ದಶಕಕ್ಕೆ 0.2ರ ಏರಿಕೆ ಇದ್ದರೂ, ಇಲ್ಲದಿದ್ದರೂ ಈ ಏಳು ವರ್ಷ ಹೀಗೇ ಕಾಣಬಹುದು.