ಸುಟ್ಟ ಪತ್ರಾಗಾರದ ಆಚೆಗೂ ಉಳಿದ ಹೆಸರುಗಳು: ಐರ್ಲೆಂಡಿನ ಮನೆತನಗಳ ಹುಡುಕಾಟ

ಐರ್ಲೆಂಡಿನಲ್ಲಿ ತಮ್ಮ ಮನೆತನದ ಮೂಲ ಹುಡುಕಲು ಹೊರಟವರು ಒಂದಲ್ಲ ಒಂದು ಹಂತದಲ್ಲಿ 1922ರ ಜೂನ್ 30ರ ಎದುರು ಬಂದು ನಿಲ್ಲುತ್ತಾರೆ. ಅಂತರ್ಯುದ್ಧದ ಆ ಮೊದಲ ದಿನಗಳಲ್ಲಿ ಡಬ್ಲಿನ್ನಿನ ಫೋರ್ ಕೋರ್ಟ್ಸ್ ನ್ಯಾಯಾಲಯದ ಕಟ್ಟಡಗಳನ್ನು, ಬ್ರಿಟನ್ನಿನೊಂದಿಗಿನ 1921ರ ಒಪ್ಪಂದವನ್ನು ವಿರೋಧಿಸಿದ ಪಡೆ ಹಿಡಿದಿಟ್ಟುಕೊಂಡಿತ್ತು, ಸರ್ಕಾರಿ ಸೇನೆ ಹೊರಗಿನಿಂದ ಫಿರಂಗಿ ಹಾರಿಸುತ್ತಿತ್ತು. ಅದೇ ಆವರಣದಲ್ಲಿದ್ದ ಸಾರ್ವಜನಿಕ ಪತ್ರಾಗಾರ ಬೆಂಕಿಗೆ ಮತ್ತು ಸ್ಫೋಟಕ್ಕೆ ಸಿಕ್ಕಿ, ಏಳು ಶತಮಾನಗಳ ಕಡತಗಳು ಬೂದಿಯಾದವು. 1821, 1831, 1841 ಮತ್ತು 1851ರ ಜನಗಣತಿಯ ಮನೆವಾರು ನಮೂನೆಗಳ ಬಹುಭಾಗ, ಮರಣಶಾಸನಗಳು, ಪ್ರೊಟೆಸ್ಟಂಟರ ಚರ್ಚ್ ಆಫ್ ಐರ್ಲೆಂಡಿನ ಸುಮಾರು ಸಾವಿರ ಧರ್ಮಕೇಂದ್ರಗಳ (ಪ್ಯಾರಿಷ್) ರಿಜಿಸ್ಟರುಗಳು ಅಲ್ಲಿ ಹೋದವು. ಅರೆಸುಟ್ಟ ಹಾಳೆಗಳು ಗಾಳಿಯಲ್ಲಿ ತೇಲಿ ನಗರದ ಬೀದಿಗಳ ಮೇಲೆ ಉದುರಿದವು.

ಆದರೆ ಎಲ್ಲ ನಷ್ಟವನ್ನೂ ಆ ಒಂದು ದಿನದ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. 1861 ಮತ್ತು 1871ರ ಗಣತಿಯ ನಮೂನೆಗಳನ್ನು ಅಂಕಿಅಂಶ ತೆಗೆದುಕೊಂಡ ಬಳಿಕ ಸರ್ಕಾರವೇ ಆದೇಶ ಕೊಟ್ಟು ನಾಶಪಡಿಸಿತು. 1881 ಮತ್ತು 1891ರವು ಮೊದಲ ಮಹಾಯುದ್ಧದ ಕಾಲದಲ್ಲಿ ರದ್ದಿಯಾದವು. ಅಂದರೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ನಾಲ್ಕು ಗಣತಿಗಳು ಬೆಂಕಿ ಬೀಳುವ ಮೊದಲೇ ಇಲ್ಲವಾಗಿದ್ದವು, ಮತ್ತು ಅವು ಇಲ್ಲವಾದದ್ದು ಯುದ್ಧದಿಂದಲ್ಲ, ಕಚೇರಿಯ ತೀರ್ಮಾನದಿಂದ. ಬ್ರಿಟಿಷ್ ಆಳ್ವಿಕೆಯ ಕಾಲದ ಗಣತಿಗಳಲ್ಲಿ ಇಡಿಯಾಗಿ ಉಳಿದು, ರಾಷ್ಟ್ರೀಯ ಪತ್ರಾಗಾರದ ಜಾಲತಾಣದಲ್ಲಿ ಉಚಿತವಾಗಿ ಸಿಗುವವು 1901 ಮತ್ತು 1911ರ ಗಣತಿಗಳು ಮಾತ್ರ. 1911ರ ನಮೂನೆಯಲ್ಲಿ ವಿವಾಹಿತೆಯರು ಎಷ್ಟು ವರ್ಷ ದಾಂಪತ್ಯ ನಡೆಸಿದ್ದಾರೆ, ಹುಟ್ಟಿದ ಮಕ್ಕಳೆಷ್ಟು, ಅವರಲ್ಲಿ ಬದುಕಿರುವವರೆಷ್ಟು ಎಂಬ ಪ್ರಶ್ನೆಗಳಿವೆ; ಮನೆಯ ಗೋಡೆ ಯಾವುದರದು, ಮುಂಭಾಗಕ್ಕೆ ಎಷ್ಟು ಕಿಟಕಿ ಎಂಬುದನ್ನು ಗಣತಿದಾರನು ಬೇರೆ ಹಾಳೆಯಲ್ಲಿ ಬರೆದಿದ್ದಾನೆ.

ಈ ಎರಡು ಗಣತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದವರಿಗೆ ವಿಚಿತ್ರವೊಂದು ಕಾಣುತ್ತದೆ. 1901ರಲ್ಲಿ ಐವತ್ತೆಂಟು ಎಂದು ಬರೆಸಿದವರು 1911ರಲ್ಲಿ ಎಪ್ಪತ್ತೆರಡು ಎಂದು ಬರೆಸಿರುವುದುಂಟು. ಇದರ ಕಾರಣ 1908ರ ವೃದ್ಧಾಪ್ಯ ವೇತನ ಕಾಯಿದೆ. 1909ರ ಜನವರಿಯಿಂದ ಎಪ್ಪತ್ತು ತುಂಬಿದ ಬಡವರಿಗೆ ವೇತನ ಸಿಗತೊಡಗಿತು, ಆದರೆ ಐರ್ಲೆಂಡಿನಲ್ಲಿ ಎಲ್ಲರ ಜನನ ನೋಂದಣಿ ಆರಂಭವಾದದ್ದೇ 1864ರಲ್ಲಿ. ಹೀಗಾಗಿ ಅರ್ಜಿ ಹಾಕಿದ ಯಾವ ಮುದುಕರ ಬಳಿಯೂ ಜನನ ಪ್ರಮಾಣಪತ್ರವಿರಲಿಲ್ಲ. 1839ರ ಜನವರಿ 6ರ ರಾತ್ರಿ ಇಡೀ ದ್ವೀಪವನ್ನು ನಡುಗಿಸಿದ ಬಿರುಗಾಳಿ ತಮಗೆ ನೆನಪಿದೆ ಎಂದು ಹೇಳಿ ವಯಸ್ಸು ಸಾಧಿಸಲು ಹೊರಟವರೂ ಇದ್ದರು.

ಹೆಚ್ಚು ಗಟ್ಟಿಯಾದ ಪುರಾವೆ ಬೇಕಾದಾಗ ಅರ್ಜಿದಾರರು ತಮ್ಮ ತಂದೆಯ ಹೆಸರು, ತಾಯಿಯ ತವರಿನ ಮನೆತನದ ಹೆಸರು, ಬಾಲ್ಯದಲ್ಲಿ ವಾಸವಿದ್ದ ಊರು, ಧರ್ಮಕೇಂದ್ರ, ಕೌಂಟಿ ಇವಿಷ್ಟನ್ನೂ ತಿಳಿಸಬೇಕಿತ್ತು. ಡಬ್ಲಿನ್ನಿನ ಗುಮಾಸ್ತರು 1841 ಅಥವಾ 1851ರ ಗಣತಿಯ ಸಂಪುಟ ತೆಗೆದು ಆ ಮನೆಯನ್ನು ಹುಡುಕಿ, ಸಿಕ್ಕಿದ್ದನ್ನು ಹಸಿರು ಬಣ್ಣದ ನಮೂನೆಯೊಂದರಲ್ಲಿ ಗುರುತು ಹಾಕುತ್ತಿದ್ದರು. ಸಂಪುಟಗಳು 1922ರಲ್ಲಿ ಸುಟ್ಟುಹೋದವು, ಆದರೆ ಈ ಹುಡುಕಾಟದ ಹಾಳೆಗಳು ಉಳಿದುಕೊಂಡವು. 1840ರ ದಶಕದ ಮಹಾಕ್ಷಾಮಕ್ಕೆ ಮುನ್ನ ಒಂದು ಮನೆಯಲ್ಲಿ ಯಾರ್ಯಾರಿದ್ದರು ಎಂಬುದಕ್ಕೆ ಇಂದು ಎಷ್ಟೋ ಕುಟುಂಬಗಳಿಗೆ ಇರುವ ಏಕೈಕ ಸಾಕ್ಷಿ, ಅರವತ್ತೆಪ್ಪತ್ತು ವರ್ಷಗಳ ನಂತರ ಒಬ್ಬ ಮುದುಕಿಯ ವೇತನದ ಅರ್ಜಿಗಾಗಿ ಗುಮಾಸ್ತನೊಬ್ಬ ಮಾಡಿಕೊಂಡ ಆ ಟಿಪ್ಪಣಿಯೇ. ಐರಿಷ್ ವಂಶಾವಳಿಯ ಬಹುಪಾಲು ಆಧಾರಗಳು ಹೀಗೆಯೇ ಬಂದಿವೆ: ಮನೆತನದ ನೆನಪು ಕಾಯಲೆಂದು ಯಾರೂ ಅವನ್ನು ಬರೆದಿಡಲಿಲ್ಲ, ವೇತನಕ್ಕೆ, ಕರಕ್ಕೆ, ಗೇಣಿಗೆ, ಸಂಸ್ಕಾರಕ್ಕೆ ಬರೆದದ್ದು ಇಂದು ನೆನಪಿನ ಕೆಲಸ ಮಾಡುತ್ತಿದೆ. ಬರೆದ ಉದ್ದೇಶ ಗೊತ್ತಿಲ್ಲದೆ ಓದಿದರೆ ಅವು ಅಷ್ಟೇ ಸುಲಭವಾಗಿ ದಾರಿ ತಪ್ಪಿಸುತ್ತವೆ.

ಇದಕ್ಕೆ ದೊಡ್ಡ ಉದಾಹರಣೆ ರಿಚರ್ಡ್ ಗ್ರಿಫಿತ್ ಎಂಬ ಅಧಿಕಾರಿಯ ನೇತೃತ್ವದಲ್ಲಿ ನಡೆದು 1847ರಿಂದ 1864ರವರೆಗೆ ಪ್ರಕಟವಾದ ಆಸ್ತಿ ಮೌಲ್ಯಮಾಪನ. ನಮ್ಮ ಪಹಣಿಯ ಹಾಗೆ ಅದರಲ್ಲಿಯೂ ಸಾಲು ಸಾಲಾಗಿ ಅನುಭವದಾರನ ಹೆಸರು, ಜಮೀನು ಕೊಟ್ಟವನ ಹೆಸರು, ವಿಸ್ತೀರ್ಣ, ಮನೆ ಮತ್ತು ಜಮೀನಿನ ವಾರ್ಷಿಕ ಮೌಲ್ಯ ಇವೆ, ಜೊತೆಗೆ ನಕ್ಷೆಯ ಸಂಖ್ಯೆಯೂ ಇದೆ. ಬಡವರ ಪರಿಹಾರಕ್ಕಾಗಿ ಹಾಕುತ್ತಿದ್ದ ಕರವನ್ನು ನಿಗದಿಪಡಿಸುವುದು ಅದರ ಮುಖ್ಯ ಉದ್ದೇಶಗಳಲ್ಲೊಂದಾಗಿದ್ದರಿಂದ ಮನೆಯ ಯಜಮಾನನೊಬ್ಬನ ಹೆಸರಷ್ಟೇ ಅಲ್ಲಿ ಬೇಕಾಗಿತ್ತು. ವಿಧವೆಯಾಗಿದ್ದು ಗೇಣಿ ತನ್ನ ಹೆಸರಿಗೆ ಬಂದಿದ್ದರೆ ಹೊರತು ಹೆಣ್ಣಿನ ಹೆಸರು ಅಲ್ಲಿ ಬರುವುದು ಅಪರೂಪ, ಮಕ್ಕಳಂತೂ ಇಲ್ಲವೇ ಇಲ್ಲ. ಒಂದೇ ಊರಿನಲ್ಲಿ ಇಬ್ಬರು ಜಾನ್ ಮರ್ಫಿಗಳಿದ್ದರೆ ತಂದೆಯ ಹೆಸರನ್ನೋ ಊರವರು ಕರೆಯುತ್ತಿದ್ದ ಅಡ್ಡಹೆಸರನ್ನೋ ಕಂಸದಲ್ಲಿ ಸೇರಿಸಿ ಬೇರ್ಪಡಿಸಿದ್ದಾರೆ, ಮತ್ತು ಅನುಭವಿಗಳು ಮೊದಲು ಕಣ್ಣಾಡಿಸುವುದು ಆ ಕಂಸದ ಮೇಲೆಯೇ.

ಮುದ್ರಿತ ಪಟ್ಟಿಗಿಂತ ಅದರ ಮುಂದುವರಿಕೆಯಾದ ಪರಿಷ್ಕರಣಾ ಪುಸ್ತಕಗಳು ಇನ್ನೂ ಹೆಚ್ಚು ಹೇಳುತ್ತವೆ ಎಂಬುದು ನನ್ನ ಅಭಿಪ್ರಾಯ. ಕಂದಾಯದ ಅಧಿಕಾರಿಗಳು ಹಳೆಯ ಅನುಭವದಾರನ ಹೆಸರನ್ನು ಬಣ್ಣದ ಶಾಯಿಯಲ್ಲಿ ಹೊಡೆದುಹಾಕಿ, ಮೇಲೆ ಹೊಸ ಹೆಸರು ಬರೆದು, ಬದಲಾವಣೆಯ ವರ್ಷವನ್ನು ಪಕ್ಕದಲ್ಲಿ ನಮೂದಿಸುತ್ತಿದ್ದರು. ವರ್ಷ ಬದಲಾದಂತೆ ಶಾಯಿಯ ಬಣ್ಣವೂ ಬದಲಾಗುತ್ತಿತ್ತು. ಪ್ಯಾಟ್ರಿಕ್ ಎಂಬ ಹೆಸರು ಹೋಗಿ ಬ್ರಿಜೆಟ್ ಎಂಬ ಹೆಸರು ಬಂದರೆ ಆ ವರ್ಷದ ಸುಮಾರಿಗೆ ಗಂಡ ತೀರಿಕೊಂಡಿರಬೇಕು ಎಂದು ಊಹಿಸಿ ಮರಣ ನೋಂದಣಿಯಲ್ಲಿ ಹುಡುಕಬಹುದು. ಬೇರೆ ಮನೆತನದ ಹೆಸರು ಬಂದರೆ ಕುಟುಂಬವೇ ಊರು ಬಿಟ್ಟಿತೇ ಎಂದು ಹಡಗುಗಳ ಪ್ರಯಾಣಿಕರ ಪಟ್ಟಿಯತ್ತ ತಿರುಗಬೇಕಾಗುತ್ತದೆ.

ಬಹುಸಂಖ್ಯಾತ ಕ್ಯಾಥೊಲಿಕರ ವಿಚಾರದಲ್ಲಿ ಒಂದು ಸಮಾಧಾನವಿದೆ. ಅವರ ಧರ್ಮಕೇಂದ್ರಗಳ ರಿಜಿಸ್ಟರುಗಳನ್ನು ಸರ್ಕಾರಿ ದಾಖಲೆ ಎಂದು ಪರಿಗಣಿಸದೆ ಪಾದ್ರಿಗಳ ಮನೆಯಲ್ಲೇ ಬಿಟ್ಟಿದ್ದರಿಂದ ಅವು ಫೋರ್ ಕೋರ್ಟ್ಸ್‌ನ ಬೆಂಕಿಗೆ ಸಿಗಲಿಲ್ಲ. ರಾಷ್ಟ್ರೀಯ ಗ್ರಂಥಾಲಯ ಅವನ್ನು ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಮೈಕ್ರೊಫಿಲ್ಮಿಗೆ ಇಳಿಸಿತು, 2015ರ ಜುಲೈನಲ್ಲಿ ಸುಮಾರು 1880ರವರೆಗಿನ ಪುಟಗಳ ಚಿತ್ರಗಳನ್ನು ಉಚಿತವಾಗಿ ತೆರೆದಿಟ್ಟಿತು. ಮಗುವಿನ ಜ್ಞಾನಸ್ನಾನದ ನಮೂದಿನಲ್ಲಿ ತಾಯಿಯ ತವರಿನ ಹೆಸರೂ, ಜ್ಞಾನ ತಂದೆತಾಯಿಯರ (ಜ್ಞಾನಸ್ನಾನಕ್ಕೆ ಸಾಕ್ಷಿ ನಿಲ್ಲುವವರ) ಹೆಸರೂ ಇರುವುದು ಸಾಮಾನ್ಯ, ಮತ್ತು ಆ ಜ್ಞಾನ ತಂದೆತಾಯಿಯರು ಬಹಳ ಸಲ ಸೋದರಮಾವನೋ ಚಿಕ್ಕಮ್ಮನೋ ಆಗಿರುತ್ತಾರೆ. 1864ರ ನಂತರದ ಜನನ ನೋಂದಣಿಯ ಜೊತೆ ಹೋಲಿಸಿದಾಗ ಮಗುವಿಗೆ ಹುಟ್ಟುವ ಮೊದಲೇ ಜ್ಞಾನಸ್ನಾನವಾದಂತೆ ಕಾಣುವುದುಂಟು. ನೋಂದಣಿಗೆ ತಡವಾಗಿ ಹೋದರೆ ದಂಡ ತೆರಬೇಕಿದ್ದುದರಿಂದ ಹೆತ್ತವರು ಹುಟ್ಟಿದ ದಿನವನ್ನೇ ಮುಂದಕ್ಕೆ ಹಾಕಿ ಹೇಳುತ್ತಿದ್ದರು. ಇಂಥ ಕಡೆ ನಂಬಬೇಕಾದ್ದು ಪಾದ್ರಿಯ ಪುಸ್ತಕವನ್ನು.

ಇಷ್ಟೆಲ್ಲ ದಾಖಲೆಗಳನ್ನು ಬಳಸಲು ಊರಿನ ಹೆಸರು ಗೊತ್ತಿರಬೇಕು ಎಂಬುದೇ ವಿದೇಶದಲ್ಲಿರುವವರ ದೊಡ್ಡ ತೊಡಕು. 1841ರಲ್ಲಿ ಎಂಬತ್ತು ಲಕ್ಷ ದಾಟಿದ್ದ ಜನಸಂಖ್ಯೆ ಕ್ಷಾಮದ ನಂತರ 1851ರಲ್ಲಿ ಅರವತ್ತೈದು ಲಕ್ಷಕ್ಕೆ ಇಳಿದಿತ್ತು, ಸುಮಾರು ಹತ್ತು ಲಕ್ಷ ಜನ ಸತ್ತಿದ್ದರು, ಅದಕ್ಕೂ ಹೆಚ್ಚು ಮಂದಿ ಹಡಗು ಹತ್ತಿದ್ದರು. ಅಮೆರಿಕದ ಗಣತಿಯಲ್ಲಿ ಅವರ ಜನ್ಮಸ್ಥಳ ಬರೀ ‘ಐರ್ಲೆಂಡ್’. ಐರ್ಲೆಂಡಿನಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಟೌನ್‌ಲ್ಯಾಂಡ್‌ಗಳಿವೆ, ಅಂದರೆ ಗ್ರಾಮಕ್ಕಿಂತಲೂ ಚಿಕ್ಕದಾದ ಭೂವಿಭಾಗಗಳು. ಹೆಸರು ಹೊಂದಿತೆಂದು ವ್ಯಕ್ತಿಯೂ ಹೊಂದಿದನೆಂದು ತಿಳಿಯುವ ಅಪಾಯಕ್ಕೆ ಆ್ಯನಿ ಮೂರ್ ಪ್ರಕರಣವೇ ಸಾಕ್ಷಿ. ಕಾರ್ಕ್‌ನಿಂದ ಹೊರಟ ಈ ಹುಡುಗಿ 1892ರ ಜನವರಿ 1ರಂದು ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ವಲಸೆ ಕೇಂದ್ರದಲ್ಲಿ ಇಳಿದ ವಲಸಿಗರಲ್ಲಿ ಮೊದಲನೆಯವಳು. ಆಕೆ ಟೆಕ್ಸಸ್ಸಿಗೆ ಹೋದಳೆಂದು ದಶಕಗಳ ಕಾಲ ನಂಬಲಾಗಿತ್ತು. ಆ ಟೆಕ್ಸಸ್ ಮಹಿಳೆ ಹುಟ್ಟಿದ್ದು ಇಲಿನಾಯ್‌ನಲ್ಲಿ ಎಂದೂ, ನಿಜವಾದ ಆ್ಯನಿ ನ್ಯೂಯಾರ್ಕಿನಲ್ಲೇ ಬಾಳಿ 1924ರಲ್ಲಿ ತೀರಿಕೊಂಡಳೆಂದೂ 2006ರಲ್ಲಿ ದಾಖಲೆಗಳಿಂದ ಸಾಬೀತಾಯಿತು.

ಸೈನಿಕರ ವಿಷಯದಲ್ಲಿ ಈ ತೊಡಕು ಕಡಿಮೆ, ಮತ್ತು ಇಲ್ಲಿ ನಮ್ಮ ನಾಡಿನ ನಂಟೂ ಇದೆ. 1830ರಲ್ಲಿ ಬ್ರಿಟಿಷ್ ಸೇನೆಯ ಶೇ 42ರಷ್ಟು ಮಂದಿ ಐರಿಷರು. ಬೆಂಗಳೂರು ದಂಡಿನಂಥ ನೆಲೆಗಳಲ್ಲಿ ದುಡಿದು ಪಿಂಚಣಿಯೊಂದಿಗೆ ನಿವೃತ್ತರಾದ ಸಿಪಾಯಿಗಳ ಬಿಡುಗಡೆ ಪತ್ರಗಳು ಲಂಡನ್ನಿನ ಕ್ಯೂ ಪತ್ರಾಗಾರದಲ್ಲಿವೆ, ಅವುಗಳಲ್ಲಿ ಹುಟ್ಟಿದ ಧರ್ಮಕೇಂದ್ರದ ಹೆಸರನ್ನು ಬರೆಯುವ ರೂಢಿಯಿತ್ತು. ಮದ್ರಾಸ್ ಪ್ರಾಂತ್ಯದ ಚರ್ಚುಗಳಲ್ಲಿ ನಡೆದ ಜ್ಞಾನಸ್ನಾನ, ಮದುವೆ, ಸಮಾಧಿಗಳ ನಕಲು ಪ್ರತಿಗಳು ಲಂಡನ್ನಿಗೆ ಹೋಗುತ್ತಿದ್ದವು, ಇಂದು ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಕೋಲಾರದ ಚಿನ್ನದ ಗಣಿಗೆ 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದ ಮೈಕೆಲ್ ಫಿಟ್ಜೆರಾಲ್ಡ್ ಲ್ಯಾವೆಲ್ ಕೂಡ ದಂಡಿನಲ್ಲಿ ನೆಲೆಸಿದ್ದ ಐರಿಷ್ ಮಾಜಿ ಸೈನಿಕನೇ.

ಕಳೆದುಹೋದುದನ್ನು ಮರಳಿ ಜೋಡಿಸುವ ಪ್ರಯತ್ನವೂ ನಡೆದಿದೆ. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ನೇತೃತ್ವದಲ್ಲಿ ಬೇರೆ ಬೇರೆ ದೇಶಗಳ ಸಂಗ್ರಹಗಳಲ್ಲಿದ್ದ ನಕಲುಗಳನ್ನು ಒಗ್ಗೂಡಿಸಿದ ಡಿಜಿಟಲ್ ಪತ್ರಾಗಾರವೊಂದು ಬೆಂಕಿಯ ಶತಮಾನೋತ್ಸವದ ಸಂದರ್ಭದಲ್ಲಿ, 2022ರ ಜೂನ್‌ನಲ್ಲಿ, ಉದ್ಘಾಟನೆಯಾಯಿತು. ಸ್ವಾತಂತ್ರ್ಯ ಹೋರಾಟದಿಂದಾಗಿ 1921ರ ಗಣತಿ ನಡೆಯಲಿಲ್ಲ. ಹೊಸ ರಾಷ್ಟ್ರ ತನ್ನ ಮೊದಲ ಗಣತಿಯನ್ನು 1926ರ ಏಪ್ರಿಲ್ 18ರಂದು ಕೈಗೊಂಡಿತು, ಅದರ ನೂರು ವರ್ಷಗಳ ಗೋಪ್ಯತೆಯ ಅವಧಿ 2026ರ ಏಪ್ರಿಲ್‌ವರೆಗಿನದು. ಆದರೆ ಅದು ದಕ್ಷಿಣದ ಇಪ್ಪತ್ತಾರು ಕೌಂಟಿಗಳಿಗೆ ಸೇರಿದ್ದು. ಬ್ರಿಟನ್ನಿನೊಂದಿಗೇ ಉಳಿದ ಉತ್ತರದ ಆರು ಕೌಂಟಿಗಳಲ್ಲಿ ಅದೇ ವರ್ಷ ನಡೆದ ಗಣತಿಯ ನಮೂನೆಗಳು ಉಳಿದಿಲ್ಲವಾದ್ದರಿಂದ, ಅಲ್ಲಿನ ಕುಟುಂಬಗಳನ್ನು ಹುಡುಕುವವರು 1911ರ ಗಣತಿಯಾದ ಮೇಲೆ ಬೆಲ್‌ಫಾಸ್ಟಿನ ಪತ್ರಾಗಾರದಲ್ಲಿರುವ ಬಣ್ಣದ ಶಾಯಿಯ ಪರಿಷ್ಕರಣಾ ಪುಸ್ತಕಗಳನ್ನೇ ಪುಟ ಪುಟವಾಗಿ ಓದಬೇಕಾಗುತ್ತದೆ.